ಒಬ್ಬಳೇ ಇರುವಾಗ ಗೊಂಬೆ ಮಾಡುತ್ತಿದ್ದೇನೆ, ಅಜ್ಜಿಯ ಸೀರೆಯ ನೆರಿಗೆ ಮಾತ್ರ ಕೂರುತ್ತಿಲ್ಲ

ವಾಸ್ಕೋ ಮಳೆ

ಎಲ್ಲರಿಗೂ ನಮಸ್ಕಾರ. ನಾನು ಇರುವುದು ಗೋವಾದ ವಾಸ್ಕೋದಲ್ಲಿ, ತವರು ಹುಬ್ಬಳ್ಳಿ. ಯಜಮಾನರದ್ದು ಹಡಗಿನ ಕೆಲಸ, ಒಮ್ಮೆ ಹೋದರೆ ಆರೇಳು ತಿಂಗಳು. ಮಗ ಈ ವರ್ಷ ಓದೋಕೆ ಅಂತ ಪುಣೆಗೆ ಹೋದ. ಜೂನ್‌ನಲ್ಲಿ ಮಳೆ ಹಿಡಿಯಿತು ನೋಡಿ, ಆಮೇಲೆ ಮನೆಯಲ್ಲಿ ನಾನು ಮತ್ತು ಮಳೆಯ ಸದ್ದು, ಅಷ್ಟೇ. ಬೆಳಗ್ಗೆ ಹೇಗೋ ಕಳೆಯುತ್ತದೆ. ಸಂಜೆ ಐದರಿಂದ ಎಂಟರ ತನಕ ತುಂಬಾ ಕಷ್ಟ. ಒಬ್ಬಳಿಗೆ ಅಂತ ಎಷ್ಟು ಅಡುಗೆ ಮಾಡೋದು, ಟಿವಿ ಎಷ್ಟು ಅಂತ ನೋಡೋದು.

ಅಂಥ ಒಂದು ಸಂಜೆ ಸುಮ್ನೆ ಕೈ ಆಡಿಸೋಕೆ ಅಂತ ತಂತಿ ಬಗ್ಗಿಸಿ, ಮಗನ ಹಳೇ ಸಾಕ್ಸ್ ಸುತ್ತಿ, ಒಂದು ಗೊಂಬೆ ಮಾಡಿದೆ. ನಮ್ಮ ಮಾರ್ಕೆಟ್ಟಿನಲ್ಲಿ ಮೀನು ಮಾರುವ ಅಮ್ಮನ ಗೊಂಬೆ, ಪಕ್ಕದಲ್ಲಿ ಬುಟ್ಟಿ. ಎದ್ದು ಗಡಿಯಾರ ನೋಡಿದರೆ ಒಂಬತ್ತೂವರೆ! ಎಷ್ಟೋ ದಿನದ ಮೇಲೆ ನನಗೆ ಹೊತ್ತು ಹೋದದ್ದೇ ಗೊತ್ತಾಗಿರಲಿಲ್ಲ. ಎರಡನೆಯದು ಗೋವಾದ ಕುಣಬಿ ಬುಡಕಟ್ಟಿನವರು ಉಡುವ ಸೀರೆಯ ಹೆಂಗಸು, ಕೆಂಪು ಬಿಳಿ ಚೌಕಳಿ, ಹೆಗಲ ಮೇಲೆ ಗಂಟು. ಆ ಗಂಟು ಹಾಕುವುದನ್ನು ಕೆಳಗಿನ ಮನೆಯ ಗೋವಾದ ಅಜ್ಜಿ ತೋರಿಸಿಕೊಟ್ಟರು. ಆರು ವರ್ಷದಿಂದ ಅವರು ಕೆಳಗೆ, ನಾನು ಮೇಲೆ. ಅವರ ಮನೆಯೊಳಗೆ ನಾನು ಕೂತದ್ದು ಅದೇ ಮೊದಲು.

ಈಗ ನನ್ನ ಅಜ್ಜಿಯನ್ನೇ ಮಾಡಬೇಕು ಅಂತ ಹೊರಟಿದ್ದೇನೆ. ಕಚ್ಚೆ ಹಾಕಿದ ಇಳಕಲ್ ಸೀರೆ, ಖಣದ ಕುಪ್ಪಸ, ಸಣ್ಣ ತುರುಬು. ಅಜ್ಜಿಯ ಹರಿದ ಸೀರೆಯನ್ನು ಅವ್ವ ಕೌದಿಗೆ ಅಂತ ಎತ್ತಿಟ್ಟಿದ್ದಳು, ಅದರಲ್ಲೇ ಒಂದು ತುಂಡು ಬಸ್ಸಿನಲ್ಲಿ ಕಳಿಸಿದಳು. ಆದರೆ ಉಡಿಸಿದರೆ ಸೊಂಟದ ಹತ್ತಿರ ಡೊಳ್ಳಿನ ಹಾಗೆ ಉಬ್ಬುತ್ತದೆ. ನಾಲ್ಕು ಸಲ ಬಿಚ್ಚಿದೆ. ಮುಖವೂ ಹಾಗೇ ಖಾಲಿ ಉಳಿದಿದೆ, ಕಣ್ಣು ಬರೆಯೋಕೆ ಧೈರ್ಯ ಬರುತ್ತಿಲ್ಲ. ಇನ್ನೊಂದು, ಮೊದಲ ಗೊಂಬೆಗೆ ಆಗಲೇ ಬೂಷ್ಟು ಹಿಡಿದಿದೆ. ಇಲ್ಲಿ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು, ಗೊಂಬೆಗೆ ಏನು ಮಾಡಲಿ?

ಕೊನೆಗೆ ಒಂದು ಮಾತು. ಸಂಬಂಧಿಕರೊಬ್ಬರು ಬಂದಿದ್ದಾಗ "ಈ ವಯಸ್ಸಿನಲ್ಲಿ ಗೊಂಬೆ ಆಟನಾ, ಹೊರಗೆ ಹೋಗಿ ನಾಲ್ಕು ಜನರ ಜೊತೆ ಬೆರೆಯಬಾರದಾ" ಅಂದರು. ಎರಡು ದಿನ ಸೂಜಿ ಮುಟ್ಟಲಿಲ್ಲ. ನಿಮಗೆ ಯಾರಿಗಾದರೂ ಹೀಗೆ ಆಗಿದೆಯಾ?

ಪೇಠೆಯ ಸೂಜಿದಾರ

ಅಕ್ಕ, ಮೊದಲು ಸೂಜಿ ಕೈಗೆ ತಗೊಳ್ಳಿ. ಉಳಿದದ್ದು ಆಮೇಲೆ.

ನಾನು ಬಾಗಲಕೋಟೆ ಕಡೆಯವಳು, ಪುಣೆಗೆ ಬಂದು 11 ವರ್ಷ. ಹೊಲಿಗೆ ನನ್ನ ಕಸುಬು, ಉಳಿದ ಚೂರು ಬಟ್ಟೆಯಲ್ಲಿ ಗೊಂಬೆ ಮಾಡುತ್ತೇನೆ. ನಿಮ್ಮ ಸೀರೆ ಯಾಕೆ ಉಬ್ಬುತ್ತದೆ ಅಂದರೆ ಲೆಕ್ಕ ಹೀಗಿದೆ. ಅಜ್ಜಿಯ ಎತ್ತರ 5 ಅಡಿ ಅಂತಿಟ್ಟುಕೊಳ್ಳಿ, ಅಂದರೆ 60 ಇಂಚು. ಗೊಂಬೆ 10 ಇಂಚು ಇದ್ದರೆ ಆರರಲ್ಲಿ ಒಂದು ಪಾಲು. 9 ಗಜದ ಸೀರೆ 27 ಅಡಿ, ಆರರಿಂದ ಭಾಗಿಸಿದರೆ ನಾಲ್ಕೂವರೆ ಅಡಿ. ಅಗಲ 45 ಇಂಚಿದ್ದರೆ ಗೊಂಬೆಗೆ ಏಳೂವರೆ ಇಂಚು. ಇಲ್ಲಿಯವರೆಗೆ ಸರಿ. ಆದರೆ ಬಟ್ಟೆಯ ದಪ್ಪವನ್ನು ಆರರಿಂದ ಭಾಗಿಸೋಕೆ ಆಗಲ್ಲ ಅಲ್ವಾ? ಅಜ್ಜಿಯ ಸೊಂಟದ ಮೇಲೆ ಹತ್ತು ಪದರ ಅಂದರೆ ಏನೂ ಅಲ್ಲ. ಅದೇ ಹತ್ತು ಪದರ ಗೊಂಬೆಯ ಸೊಂಟದಲ್ಲಿ ದಿಂಬು ಕಟ್ಟಿದ ಹಾಗೆ.

ಅದಕ್ಕೆ ಇಡೀ ಸೀರೆ ಉಡಿಸಬೇಡಿ. ಮೂರು ತುಂಡು ಮಾಡಿ. ಒಂದು ತುಂಡು ಎರಡೂ ಕಾಲಿಗೆ ಸುತ್ತಿ ಹಿಂದೆ ಕಚ್ಚೆ ಸಿಕ್ಕಿಸೋಕೆ, ಒಂದು ಮುಂದಿನ ನೆರಿಗೆಗೆ, ಒಂದು ಸೆರಗಿಗೆ. ಕಣ್ಣಿಗೆ ಕಾಣದ ಒಳಸುತ್ತು ಪೂರ್ತಿ ಬಿಟ್ಟುಬಿಡಿ. ನೆರಿಗೆ ಐದೇ ಸಾಕು, ನೋಡುವವರಿಗೆ ಹನ್ನೆರಡರ ಹಾಗೆ ಕಾಣುತ್ತದೆ. ಮೂರೂ ಸೇರುವ ಜಾಗವನ್ನು ಸೊಂಟದಲ್ಲಿ ಚಪ್ಪಟೆಯಾಗಿ ಹೊಲಿದು ಮೇಲೆ ಸೆರಗಿನ ಅಂಚು ತಂದು ಮುಚ್ಚಿ. ಹಳೇ ಸೀರೆಯಲ್ಲಿ ಮೈಭಾಗದ ಬಟ್ಟೆ ತೊಳೆದು ತೊಳೆದು ಮೆತ್ತಗಾಗಿರುತ್ತದೆ, ಅದನ್ನೇ ಬಳಸಿ. ನಿಜವಾದ ಅಂಚು ಗೊಂಬೆಗೆ ದೊಡ್ಡದಾಗುತ್ತದೆ. ಕೆಂಪು ಬಟ್ಟೆಯ ಮೇಲೆ ಬಿಳಿ ದಾರದಲ್ಲಿ ಹಲ್ಲಿನ ಹಾಗೆ ಸಣ್ಣ ಗೆರೆ ಹಾಕಿದರೆ ಇಳಕಲ್ ಸೀರೆಗೆ ಇರುತ್ತದಲ್ಲ, ಆ ಟೋಪ್ ತೆನಿ ಸೆರಗು ಬಂದುಬಿಡುತ್ತದೆ.

ಒಂದು ಬೇಡಿಕೆ ಅಕ್ಕ. ಅವ್ವ ಕಳಿಸಿದ ತುಂಡಿನಲ್ಲಿ ಮೈಭಾಗದ ಎಳೆ ಸೆರಗಿನ ಎಳೆಯನ್ನು ಸೇರುವ ಜಾಗ ಇದ್ದರೆ ಅದಕ್ಕೆ ಕತ್ತರಿ ಹಾಕಬೇಡಿ. ನಮ್ಮ ಕಡೆ ಅದಕ್ಕೆ ಕೊಂಡಿ ಅನ್ನುತ್ತೇವೆ. ಒಂದೊಂದು ಎಳೆಗೆ ಇನ್ನೊಂದು ಎಳೆಯ ಕುಣಿಕೆ ಹಾಕಿ ಕೂಡಿಸಿರುತ್ತಾರೆ, ಇಳಕಲ್ ಸೀರೆಯ ಗುರುತೇ ಅದು. ಗೊಂಬೆಗೆ ಬೇರೆ ಬಟ್ಟೆ ಸಿಗುತ್ತದೆ, ಅದನ್ನು ಹಾಗೇ ಎತ್ತಿಡಿ.

ಕುಪ್ಪಸಕ್ಕೆ ಗುಳೇದಗುಡ್ಡದ ಖಣದಲ್ಲಿ ಆದಷ್ಟು ಸಣ್ಣ ಬುಟ್ಟಾ ಇರುವುದನ್ನು ಹುಡುಕಿ. ಪುಣೆಯಲ್ಲಿ ಲಕ್ಷ್ಮೀ ರಸ್ತೆಯಲ್ಲಿ ಖಣ ಸಿಗುತ್ತದೆ. ತಂತಿ, ಮಣಿ, ಲೇಸು ಬೇಕಾದರೆ ರವಿವಾರ ಪೇಠೆಯಲ್ಲಿ ಬೋಹ್ರಿ ಆಳಿ ಅನ್ನುವ ಗಲ್ಲಿಗೆ ಮಗನನ್ನು ಕಳಿಸಿ. ಅವನೂ ಹೊಸ ಊರಲ್ಲಿ ಒಬ್ಬನೇ ಇದ್ದಾನೆ ಅಲ್ವಾ? ಅಮ್ಮನಿಗೆ ಅಂತ ಒಂದು ಕೆಲಸ ಹಿಡಿದು ಓಡಾಡಲಿ, ಊರಿನ ಪರಿಚಯವೂ ಆಗುತ್ತದೆ.

ಮಾಟುಂಗದ ಅಜ್ಜಿ

ಮಗಳೇ, ನಾನು ಮದುವೆಯಾಗಿ 1971ರಲ್ಲಿ ಮೈಸೂರಿನಿಂದ ಬೊಂಬಾಯಿಗೆ ಬಂದವಳು. ನಮ್ಮವರದ್ದು ರಾತ್ರಿ ಪಾಳಿ. ಭಾಷೆ ಬರದು, ಮನೆಗೆ ಫೋನಿಲ್ಲ, ಊರಿಂದ ಕಾಗದ ಬಂದರೆ ಉಂಟು ಇಲ್ಲದಿದ್ದರೆ ಇಲ್ಲ. ತವರಿನಿಂದ ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆ ಟ್ರಂಕಿನಲ್ಲಿತ್ತು, ಮರದ ರಾಜ ರಾಣಿ. ದಸರೆಗೆ ಮಾತ್ರ ತೆಗೆದು ಬಟ್ಟೆ ಉಡಿಸುವುದು ಪದ್ಧತಿ. ನಾನು ಆಷಾಢದಲ್ಲೇ ತೆಗೆದೆ. ರಾಣಿಗೆ ಒಂದು ದಿನ ನನ್ನ ಧಾರೆ ಸೀರೆಯ ಹಾಗೆ, ಒಂದು ದಿನ ನಮ್ಮಮ್ಮ ಮಡಿ ಉಡುವ ಹಾಗೆ, ಒಂದು ದಿನ ಎದುರು ಮನೆಯ ಮರಾಠಿ ಬಾಯಿಯ ಹಾಗೆ ಉಡಿಸುತ್ತಿದ್ದೆ. ಉಡಿಸುತ್ತಾ ಅವರವರ ಮಾತು ಕಿವಿಗೆ ಕೇಳಿದ ಹಾಗೆ ಆಗುತ್ತಿತ್ತು. ಅದನ್ನು ನಾನು ಇವತ್ತಿಗೂ ಆಟ ಅಂತ ಹೇಳುವುದಿಲ್ಲ. ನಿಮ್ಮ ಸಂಬಂಧಿಕರ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನೆರಿಗೆಗೆ ನನ್ನ ಉಪಾಯ: ತೆಳ್ಳಗಿನ ಅನ್ನದ ಗಂಜಿಯಲ್ಲಿ ಬಟ್ಟೆ ಅದ್ದಿ ಹಿಂಡಿ, ಒಂದು ರಟ್ಟಿನ ಮೇಲೆ ಮಡಿಕೆ ಹಾಕಿ, ಮೇಲೆ ಕೆಳಗೆ ಕ್ಲಿಪ್ಪು ಸಿಕ್ಕಿಸಿ ರಾತ್ರಿಯಿಡೀ ಒಣಗಲು ಬಿಡಿ. ಬೆಳಗ್ಗೆ ಮೇಲ್ತುದಿಗೆ ಟಾಕು ಹಾಕಿದರೆ ನೆರಿಗೆ ಅಲುಗಾಡುವುದಿಲ್ಲ.

ಮುಖದ ಬಗ್ಗೆ. ಎಲ್ಲರೂ ಮಾಡುವ ತಪ್ಪು ಒಂದೇ, ಕಣ್ಣನ್ನು ತುಂಬಾ ಮೇಲೆ ಇಡುತ್ತಾರೆ. ಕನ್ನಡಿಯಲ್ಲಿ ನೋಡಿಕೊಳ್ಳಿ, ನೆತ್ತಿಯಿಂದ ಗಲ್ಲದವರೆಗೆ ಅಳೆದರೆ ಕಣ್ಣು ಸರಿಯಾಗಿ ನಡುವೆ ಇರುತ್ತದೆ. ಬರೆಯುವ ಮೊದಲು ಎರಡು ಗುಂಡುಸೂಜಿ ಚುಚ್ಚಿ, ದೂರ ನಿಂತು ನೋಡಿ. ಒಂದು ಚೂರು ಕೆಳಗೆ ಸರಿಸಿದರೆ ಮಗುವಿನ ಮುಖ, ಹತ್ತಿರ ತಂದರೆ ಬೇರೆ ಯಾರೋ. ಅಜ್ಜಿ ಕಂಡ ಕ್ಷಣ ನಿಮಗೇ ಗೊತ್ತಾಗುತ್ತದೆ. ಆಮೇಲೆ ಕಪ್ಪು ದಾರದಲ್ಲಿ ಎರಡು ಹೊಲಿಗೆ, ಅಷ್ಟು ಸಾಕು. ಮೈಬಣ್ಣಕ್ಕೆ ಗಟ್ಟಿ ಚಹಾ ಡಿಕಾಕ್ಷನ್‌ನಲ್ಲಿ ಬಿಳಿ ಬಟ್ಟೆ ನೆನೆಸಿ, ಎಷ್ಟು ಹೊತ್ತು ಬಿಟ್ಟರೆ ಅಷ್ಟು ಬಣ್ಣ. ಅಂಗಡಿಯ ಗುಲಾಬಿ ಬಟ್ಟೆಯಲ್ಲಿ ನಮ್ಮ ಅಜ್ಜಿಯರು ಬರುವುದಿಲ್ಲ. ತುರುಬಿಗೆ ಒಂದೆಳೆ ಕಪ್ಪು ಉಲ್ಲನ್, ಎರಡೆಳೆ ಬೂದಿ ಬಣ್ಣದ್ದು ಸೇರಿಸಿ ಸುತ್ತಿ.

ದೆಹಲಿಗೆ ಹೋದರೆ ಶಂಕರ್ಸ್ ಗೊಂಬೆ ಸಂಗ್ರಹಾಲಯ ನೋಡಿ. ವ್ಯಂಗ್ಯಚಿತ್ರಕಾರ ಶಂಕರ್ 1965ರಲ್ಲಿ ಶುರು ಮಾಡಿದ್ದು. ಹಂಗೇರಿ ದೇಶದ ಒಂದು ಗೊಂಬೆ ಕೈಗೆ ಬಂದದ್ದೇ ಅವರಿಗೆ ಈ ಹುಚ್ಚು ಹಿಡಿಯಲು ಕಾರಣ. ಒಂದೊಂದು ಪ್ರಾಂತ್ಯದ ಉಡುಪು ನೋಡಿ ತಿಳಿದು ಗೊಂಬೆ ಮಾಡುವ ಕಾರ್ಯಾಗಾರವನ್ನೂ ಅಲ್ಲೇ ಕಟ್ಟಿದರು. ನಿಮ್ಮ ಗೋವಾದಲ್ಲೇ ಕೋಲ್ವಾಳದಲ್ಲಿ ವಸ್ತ್ರವಿನ್ಯಾಸಕ ವೆಂಡೆಲ್ ರಾಡ್ರಿಕ್ಸ್ ಅವರ ಕನಸಿನ ಮೋಡಾ ಗೋವಾ ಎಂಬ ಉಡುಪುಗಳ ಸಂಗ್ರಹಾಲಯ ಇದೆ. ಕುಣಬಿ ಸೀರೆಗೆ ಮತ್ತೆ ಜೀವ ಕೊಟ್ಟವರು ಅವರು. ಕೆಳಗಿನ ಮನೆಯ ಅಜ್ಜಿಯನ್ನೂ ಕರೆದುಕೊಂಡು ಹೋಗಿ ಬನ್ನಿ.

ಡೊಂಬಿವಲಿ ಮುಂಡಾಸು

ತಂಗಿ, ಅಜ್ಜಿಯವರು ಹೇಳಿದ ಗಂಜಿ ಮುಂಬಯಿಯ ಚಳಿಗಾಲಕ್ಕೆ ಚೆನ್ನ. ಗೋವಾದ ಮಳೆಯಲ್ಲಿ ದಯವಿಟ್ಟು ಬೇಡ. ಗಂಜಿ ಇರುವಲ್ಲಿಗೇ ಬೂಷ್ಟು ಮೊದಲು ಬರುವುದು, ಬೆಳ್ಳಿ ಹುಳವೂ ಬರುತ್ತದೆ. ನೀರು ಚಿಮುಕಿಸಿ, ಮೇಲೆ ಕರ್ಚೀಫು ಹಾಸಿ ಇಸ್ತ್ರಿ ಒತ್ತಿದರೆ ಸಾಕು. ಒಳಗೆ ತುಂಬುವುದಕ್ಕೂ ಹತ್ತಿ ಬೇಡ, ಅದು ತೇವ ಹಿಡಿಯುತ್ತದೆ. ಸೋಫಾ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಫೈಬರ್ ತನ್ನಿ. ಮುಗಿದ ಗೊಂಬೆಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹೊಸ ಬ್ಯಾಗು ಶೂಗಳ ಜೊತೆ ಬರುತ್ತದಲ್ಲ ಆ ಸಿಲಿಕಾ ಪೊಟ್ಟಣ ಹಾಕಿ ಇಡಿ. ಬೂಷ್ಟು ಹಿಡಿದ ಗೊಂಬೆಯನ್ನು ಬಿಸಿಲು ಬಂದ ದಿನ ಹೊರಗೆ ಒಣಗಿಸಿ, ಆಮೇಲೆ ಮೆತ್ತಗಿನ ಬ್ರಷ್ಷಿನಲ್ಲಿ ಉಜ್ಜಿ. ಒದ್ದೆ ಇರುವಾಗ ಉಜ್ಜಿದರೆ ಕಲೆ ಒಳಗೆ ಇಳಿಯುತ್ತದೆ. ತಂತಿಯ ತುದಿಯನ್ನು ಮರೆಯದೆ ಮಡಚಿ ಟೇಪು ಸುತ್ತಿ. ಇಲ್ಲದಿದ್ದರೆ ತುಕ್ಕು ಬಟ್ಟೆಗೆ ಬರುತ್ತದೆ, ಆ ಕಲೆ ಸುಲಭಕ್ಕೆ ಹೋಗದು.

ನಾನು ಕುಂದಾಪುರದವ. ಮುಂಬಯಿಯ ಫೋರ್ಟಿನಲ್ಲಿ ಕ್ಯಾಂಟೀನು ನಡೆಸಿ ಈಗ ನಿವೃತ್ತ. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಅವಳ ಕಪಾಟನ್ನು ಒಂದು ವರ್ಷ ತೆರೆಯಲಿಲ್ಲ. ತೆರೆದ ದಿನ ಮೇಲೇ ಒಂದು ಕೆಂಪು ಕಪ್ಪು ಚೌಕಳಿ ಸೀರೆ ಇತ್ತು. ನೋಡಿದ ಕೂಡಲೇ ನೆನಪಾದದ್ದು ಬಡಗುತಿಟ್ಟಿನ ಯಕ್ಷಗಾನದ ವೇಷದ ಕಸೆ ಸೀರೆ. ಸಣ್ಣವನಿರುವಾಗ ಉಪ್ಪಿನಕುದ್ರಿನ ಸೂತ್ರದ ಗೊಂಬೆಯಾಟ ನೋಡಲು ಅಜ್ಜನ ಹೆಗಲ ಮೇಲೆ ಕೂತು ಹೋಗುತ್ತಿದ್ದೆ. ಆ ಗೊಂಬೆಗಳಿಗೂ ಅದೇ ಯಕ್ಷಗಾನದ ವೇಷ. ಸೀರೆಯ ಒಂದು ಮೂಲೆ ಕತ್ತರಿಸುವಾಗ ಕೈ ನಡುಗಿತು. ಮೊದಲು ಮಾಡಿದ್ದು ಕರ್ಣ. ಮುಂಡಾಸು ಕಟ್ಟಲು ನನಗೆ ಎಂಟು ದಿನ ಬೇಕಾಯಿತು. ಒಳಗೆ ಕಾಗದದ ಉಂಡೆ, ಅದರ ಮೇಲೆ ಕಪ್ಪು ಬಟ್ಟೆಯ ಪಟ್ಟಿ, ಅದರ ಮೇಲೆ ಜರಿಯ ಪಟ್ಟಿಯನ್ನು ಓರೆಯಾಗಿ ಸುತ್ತುತ್ತಾ ಬರಬೇಕು. ಒಂದು ಸುತ್ತು ಜಾರಿದರೆ ಎಲ್ಲ ಬಿಚ್ಚಬೇಕು. ಭುಜಕೀರ್ತಿ, ಎದೆಪದಕ ಎಲ್ಲ ತೆಳು ಮರದ ಚೂರಿಗೆ ಬೇಗಡೆ, ಅಂದರೆ ಹೊಳೆಯುವ ತೆಳು ಹಾಳೆ, ಅಂಟಿಸಿ ಮಾಡಿದ್ದು. ಬೇಗಡೆ, ಜರಿಗೆ ಭುಲೇಶ್ವರ, ಬಟ್ಟೆಗೆ ಮಂಗಲ್‌ದಾಸ್ ಮಾರುಕಟ್ಟೆ. ಈಗ ನನ್ನ ಹತ್ತಿರ ಏಳು ವೇಷ ಇವೆ, ಅವಳ ಮೂರು ಸೀರೆ ಖರ್ಚಾಗಿದೆ.

ನಿಮ್ಮ ಸಂಬಂಧಿಕರ ಮಾತಿನಲ್ಲಿ ಅರ್ಧ ನಿಜ ಇದೆ ಅಂತ ನನಗೆ ಅನಿಸುತ್ತದೆ, ಬೇಸರ ಮಾಡಬೇಡಿ. ಮೊದಲ ನಾಲ್ಕು ತಿಂಗಳು ನಾನು ಗೊಂಬೆಯ ಜೊತೆ ಬಾಗಿಲು ಹಾಕಿಕೊಂಡು ಕೂತವನು. ಹಾಲಿನವನ ಜೊತೆಗೂ ಮಾತಿಲ್ಲ. ಆಮೇಲೆ ಭೀಷ್ಮನ ಗಡ್ಡಕ್ಕೆ ಏನು ಬಳಸುತ್ತಾರೆ ಅಂತ ಗೊತ್ತಾಗದೆ ಊರಿನ ಹಳೇ ವೇಷಧಾರಿಯೊಬ್ಬರಿಗೆ ಫೋನು ಮಾಡಿದೆ. ಅವರು ಒಂದು ಗಂಟೆ ಮಾತಾಡಿದರು. ಈಗ ವಾರಕ್ಕೊಮ್ಮೆ ಅವರೇ ಮಾಡುತ್ತಾರೆ. ನೀವು ಕೆಳಗಿನ ಅಜ್ಜಿಯ ಮನೆಯಲ್ಲಿ ಕೂತು ಗಂಟು ಕಲಿತಿರಲ್ಲ, ಅದನ್ನು ಓದಿ ನನಗೆ ಖುಷಿಯಾಯಿತು. ಸಂಜೆ ಐದಕ್ಕೆ ಆಗುವುದಾದರೆ ಸೂಜಿ ದಾರ ತಗೊಂಡು ಅಲ್ಲಿಗೇ ಹೋಗಿ.

ವಾಸ್ಕೋ ಮಳೆ

ಮೂವರಿಗೂ ತುಂಬಾ ಥ್ಯಾಂಕ್ಸ್. ನಿಮ್ಮ ಉತ್ತರಗಳನ್ನು ಮೊದಲ ಸಲ ಓದಿದಾಗ ಅಳು ಬಂತು, ಎರಡನೇ ಸಲ ಓದುವಾಗ ಕೈಯಲ್ಲಿ ಕತ್ತರಿ ಇತ್ತು.

ಮೂರು ತುಂಡು ಮಾಡಿ ಹೊಲಿದೆ, ಐದೇ ನೆರಿಗೆ. ಸೊಂಟ ಈಗ ಸಣ್ಣಗೆ ಕೂತಿದೆ. ಕೊಂಡಿ ಇದ್ದ ಜಾಗ ಸಿಕ್ಕಿತು, ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ಕುಣಿಕೆ ಸಾಲಾಗಿ ಕಾಣುತ್ತವೆ. ಇಷ್ಟು ವರ್ಷ ನೋಡಿಯೇ ಇರಲಿಲ್ಲ. ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟಿದ್ದೇನೆ. ಮಗ ಭಾನುವಾರ ಬೋಹ್ರಿ ಆಳಿಗೆ ಹೋಗಿ ವಿಡಿಯೋ ಕಾಲ್ ಮಾಡಿ ಒಂದೊಂದೇ ಮಣಿ ತೋರಿಸಿದ, ಒಂದು ಗಂಟೆ! ಹೋದಾಗಿನಿಂದ ಅಷ್ಟು ಹೊತ್ತು ಮಾತಾಡಿದ್ದೇ ಇಲ್ಲ. ಈಗ ಸಂಜೆ ಕೆಳಗಿನ ಮನೆಯಲ್ಲೇ ಕೂರುತ್ತೇನೆ. ಆ ಅಜ್ಜಿ ತಮ್ಮ ಅಮ್ಮನ ಗೊಂಬೆ ಬೇಕು ಅಂತ ಕೇಳಿದ್ದಾರೆ.

ಗುಂಡುಸೂಜಿ ಚುಚ್ಚಿ ಕಣ್ಣಿನ ಜಾಗ ನೋಡಿದೆ. ಮೂರನೇ ಸಲ ಸರಿಸಿದಾಗ ಅಜ್ಜಿ ಬಂದಳು. ಹಾಗೇ ಸ್ವಲ್ಪ ಹೊತ್ತು ಕೂತುಬಿಟ್ಟೆ.

ಒಂದೇ ಒಂದು ಬಾಕಿ. ಅಜ್ಜಿಯ ಮೂಗುತಿ ಎಡಕ್ಕೋ ಬಲಕ್ಕೋ ಅಂತ ಅವ್ವನನ್ನು ಕೇಳಿದೆ. ಅವ್ವ ಎಡ ಅಂದಳು. ಚಿಕ್ಕವ್ವ ಬಲ ಅಂತ ಹಟ ಹಿಡಿದಿದ್ದಾಳೆ. ಇಬ್ಬರೂ ಈಗ ಹುಬ್ಬಳ್ಳಿಯಲ್ಲಿ ಅಟ್ಟದ ಮೇಲಿನ ಟ್ರಂಕು ಇಳಿಸಿ ಹಳೇ ಫೋಟೋ ಹುಡುಕುತ್ತಿದ್ದಾರೆ. ಒಂದು ಮಣಿ ಸೂಜಿಗೆ ಪೋಣಿಸಿಟ್ಟು ಫೋನ್ ಕಾಯುತ್ತಾ ಕೂತಿದ್ದೇನೆ.