ಮಗಳಿಗೆ ಕಡಲ ದಂಡೆಯ ಮದುವೆ, ಅಮ್ಮನಿಗೆ ಊರಿನವರ ಚಿಂತೆ: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ದಾವಣಗೆರೆಯ ತಾಯಿಯೊಬ್ಬರು ಬರೆದಿದ್ದರು: ‘ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳಿಗೆ ಮದುವೆ ನಿಶ್ಚಯವಾಗಿದೆ. ದಕ್ಷಿಣ ಗೋವಾದ ಬೀಚ್ ರೆಸಾರ್ಟಿನಲ್ಲಿ, ಡಿಸೆಂಬರ್ ಕೊನೆಯ ವಾರ, ಸೂರ್ಯ ಮುಳುಗುವ ಹೊತ್ತಿಗೆ, ನೂರೇ ಜನರ ಮುಂದೆ ಮದುವೆಯಾಗಬೇಕು ಅಂತ ಅವಳಿಗೂ ಹುಡುಗನಿಗೂ ಆಸೆ. ಬೀಗರು ಒಪ್ಪಿದ್ದಾರೆ. ಆದರೆ ನಮ್ಮ ಕಡೆಯ ಪಟ್ಟಿಯೇ 600 ದಾಟುತ್ತದೆ. ಇಷ್ಟು ವರ್ಷ ಎಲ್ಲರ ಮನೆ ಮದುವೆಗೂ ಹೋಗಿ ಉಂಡು, ಮುಯ್ಯಿ ಮಾಡಿ ಬಂದಿದ್ದೇವೆ. ಈಗ ನಮ್ಮ ಮನೆ ಮದುವೆಗೆ ಅವರನ್ನು ಕರೆಯದೆ ಮುಖ ತೋರಿಸುವುದು ಹೇಗೆ? ನಮ್ಮ ಅತ್ತೆಗೆ ಬೇರೆ ಮಂಡಿ ನೋವು. ಬೇಡ ಅಂದರೆ ಮಗಳು ಮಾತು ಬಿಡುತ್ತಾಳೆ. ಏನು ಮಾಡಲಿ?’

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಮೊದಲು ಇಪ್ಪತ್ತು ಹೆಸರು ಬರೆಯಿರಿ

ಅಕ್ಕ, ನಿಮ್ಮ ಪತ್ರ ಓದಿ ನನ್ನ ಹೆಂಡತಿ ‘ಇದು ನಮ್ಮ ಮನೆ ಕಥೆಯೇ ಅಲ್ವಾ’ ಅಂದಳು. ನಮ್ಮ ಮಗಳ ಮದುವೆಯೂ ದಕ್ಷಿಣ ಗೋವಾದ ಕಾಣಕೋಣದ ಹತ್ತಿರ ಒಂದು ರೆಸಾರ್ಟಿನಲ್ಲೇ ಆಯಿತು. ಚೆನ್ನಾಗಿಯೇ ಆಯಿತು. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ನೀವು 600 ಜನರ ಪಟ್ಟಿ ಹಿಡಿದು ಕೂತಿದ್ದೀರಿ, ಮಗಳು 100 ಜನರ ಪಟ್ಟಿ ಹಿಡಿದು ಕೂತಿದ್ದಾಳೆ. ಎರಡನ್ನೂ ಪಕ್ಕಕ್ಕಿಡಿ. ಯಾರಿಲ್ಲದಿದ್ದರೆ ಅದು ಮದುವೆ ಅಂತಲೇ ಅನ್ನಿಸುವುದಿಲ್ಲವೋ ಅಂಥ ಇಪ್ಪತ್ತು ಹೆಸರು ಬರೆಯಿರಿ. ಮಗಳೂ ಬೇರೆಯಾಗಿ ಬರೆಯಲಿ. ಆಮೇಲೆ ಎರಡೂ ಕಾಗದ ಎದುರುಬದುರು ಇಟ್ಟು ನೋಡಿ. ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಸರು ಒಂದೇ ಇದ್ದವು, ಮಗಳ ಪಟ್ಟಿಯಲ್ಲಿ ಅಜ್ಜಿಯ ಹೆಸರೇ ಮೊದಲಿತ್ತು. ಅಲ್ಲಿಂದ ಮನೆಯಲ್ಲಿ ಮಾತಿನ ಧಾಟಿಯೇ ಬದಲಾಯಿತು.

ಆ ಇಪ್ಪತ್ತು ಜನರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ‘ಗೋವಾಕ್ಕೆ ಬರೋಕೆ ಆಗುತ್ತಾ, ಏನು ತೊಂದರೆ ಇದೆ’ ಅಂತ ಕೇಳಿ. ಅಡ್ವಾನ್ಸ್ ಕೊಡುವುದು ಆಮೇಲೆ. ಮಂಡಿ ನೋವು ಅಂದಿರಲ್ಲ, ಅದಕ್ಕೆ ದೂರಕ್ಕಿಂತ ಮೆಟ್ಟಿಲಿನ ಕಾಟ ಜಾಸ್ತಿ. ಯಶವಂತಪುರ–ವಾಸ್ಕೋ ರೈಲು ನಿಮ್ಮ ದಾವಣಗೆರೆ ಮೇಲೆಯೇ ಹೋಗುತ್ತದೆ. ಕೆಳಗಿನ ಬರ್ತ್ ಸಿಕ್ಕರೆ ಅತ್ತೆಯವರು ಮಲಗಿಕೊಂಡೇ ಮಡಗಾಂವ್ ತಲುಪುತ್ತಾರೆ. ಬಸ್ ಮಾಡಿಕೊಂಡು ಹುಬ್ಬಳ್ಳಿ, ಯಲ್ಲಾಪುರ, ಕಾರವಾರದ ಮೇಲೆ ಹೋಗುವುದಾದರೆ ಇಡೀ ಹಗಲು ಹಿಡಿಯುತ್ತದೆ ಅಂತಲೇ ಲೆಕ್ಕ ಹಾಕಿ, ಹಿಂದಿನ ದಿನವೇ ತಲುಪುವಂತೆ ನೋಡಿಕೊಳ್ಳಿ. ವಿಮಾನದಲ್ಲಿ ಬರುವವರಿಗೆ ಒಂದು ಮಾತು ಮೊದಲೇ ತಿಳಿಸಬೇಕು. ಗೋವಾಕ್ಕೆ ಈಗ ಎರಡು ವಿಮಾನ ನಿಲ್ದಾಣ. ಮೋಪಾ ಇರುವುದು ಉತ್ತರದ ತುದಿಯಲ್ಲಿ. ದಕ್ಷಿಣದ ರೆಸಾರ್ಟಿಗೆ ದಾಬೋಳಿಯೇ ಹತ್ತಿರ. ಟಿಕೆಟ್ ಅಗ್ಗ ಅಂತ ಮೋಪಾದಲ್ಲಿ ಇಳಿದರೆ ಉಳಿಸಿದ್ದೆಲ್ಲ ಟ್ಯಾಕ್ಸಿಗೇ ಹೋಗುತ್ತದೆ.

ಜಾಗ ನೋಡಲು ಹೋದಾಗ ಎಲ್ಲರೂ ಸಮುದ್ರ ನೋಡುತ್ತಾರೆ. ನೀವು ನೆಲ ನೋಡಿ. ರೂಮಿನ ಬಾಗಿಲಿಂದ ಮಂಟಪದವರೆಗೆ ನಡೆಯಿರಿ. ನಾವು ನೋಡಿದ ಒಂದು ಕಡೆ ಬಚ್ಚಲಿಗೆ ಇಳಿಯಲು ಎರಡು ಮೆಟ್ಟಿಲು, ಹಿಡಿದುಕೊಳ್ಳಲು ಏನೂ ಇರಲಿಲ್ಲ. ಮರಳಿನಲ್ಲಂತೂ ಗಾಲಿಕುರ್ಚಿ ಒಂದಿಂಚೂ ಉರುಳುವುದಿಲ್ಲ. ಕೊನೆಗೆ ನಾವು ಒಪ್ಪಿಕೊಂಡ ಜಾಗದಲ್ಲಿ ತೆಂಗಿನ ಮರಗಳ ನಡುವೆ ಹುಲ್ಲುಹಾಸಿತ್ತು, ಅದರಾಚೆ ಕಡಲು. ಮಂಟಪ ಹುಲ್ಲುಹಾಸಿನ ಮೇಲೆ ಹಾಕಿಸಿದೆವು. ಫೋಟೊದಲ್ಲಿ ಕಡಲು ಅಷ್ಟೇ ಚಂದ ಬಂದಿದೆ. ನಮ್ಮ ಅವ್ವ ಮೊದಲ ಸಾಲಿನಲ್ಲಿ ಕೂತಿದ್ದರು.

ಇನ್ನು ಮುಯ್ಯಿಯ ಮಾತು. ಇದು ಸಣ್ಣ ವಿಷಯ ಅಲ್ಲ. ‘ಕಾಲ ಬದಲಾಗಿದೆ, ಯಾರೂ ಏನೂ ಅಂದುಕೊಳ್ಳುವುದಿಲ್ಲ’ ಅನ್ನುವವರ ಮಾತು ಕೇಳಬೇಡಿ. ಅಂದುಕೊಳ್ಳುತ್ತಾರೆ, ಅಂದುಕೊಳ್ಳುವ ಹಕ್ಕೂ ಅವರಿಗಿದೆ. ನಾವು ಮದುವೆಯಾದ ಮೇಲಿನ ವಾರವೇ ಹುಬ್ಬಳ್ಳಿಯ ಕಲ್ಯಾಣ ಮಂಟಪದಲ್ಲಿ ಊಟ ಇಟ್ಟುಕೊಂಡೆವು. ಗೋವಾದ ಕಾರ್ಡು ಒಂದು, ಊರಿನ ಕಾರ್ಡು ಇನ್ನೊಂದು ಅಂತ ಮಾಡಲಿಲ್ಲ. ಕಾರ್ಡು ಒಂದೇ. ‘ವಿವಾಹ ಗೋವಾದಲ್ಲಿ ಮನೆಯವರ ಸಮ್ಮುಖದಲ್ಲಿ, ಆಶೀರ್ವಾದ ಮತ್ತು ಊಟ ಹುಬ್ಬಳ್ಳಿಯಲ್ಲಿ’ ಅಂತ ಬಿಚ್ಚಿ ಬರೆಸಿದೆವು. ಮುಚ್ಚಿಟ್ಟರೆ ಮಾತ್ರ ಜನಕ್ಕೆ ನೋವಾಗುತ್ತದೆ. ಹತ್ತಿರದವರ ಮನೆಗೆ ವಾಟ್ಸಾಪ್ ಕಳಿಸಲಿಲ್ಲ, ನಾವೇ ಹೋಗಿ ಕುಂಕುಮ ಇಟ್ಟು ಕರೆದೆವು. ನವಲಗುಂದದ ನಮ್ಮ ಚಿಗವ್ವ ಕಾರ್ಡು ತಿರುಗಿಸಿ ನೋಡಿ, ‘ಊಟ ಇರಲಿ, ನಾವು ಅಕ್ಕಿಕಾಳು ಹಾಕೋದು ಎಲ್ಲಿ?’ ಅಂತ ಕೇಳಿದರು. ಆ ಮಾತಿಗೇ ಹುಬ್ಬಳ್ಳಿಯಲ್ಲೂ ಮದುಮಕ್ಕಳನ್ನು ಜೋಡಿಯಾಗಿ ಕೂರಿಸಿ, ಬಾಸಿಂಗ ಕಟ್ಟಿ, ಎಲ್ಲರಿಗೂ ಅಕ್ಷತೆ ಹಂಚಿದೆವು. ಬಂದವರು ಅಕ್ಕಿಕಾಳು ಹಾಕಿ, ಉಂಡು, ಮುಯ್ಯಿ ಕೊಟ್ಟು ಹೋದರು. ಸುಮ್ನೆ ಸ್ಟೇಜಿನ ಮೇಲೆ ನಿಲ್ಲಿಸಿ ಫೋಟೊ ಹೊಡೆಸಿದ್ದರೆ ಅವರಿಗೆ ಸಮಾಧಾನ ಆಗುತ್ತಿರಲಿಲ್ಲ.

— ನಿವೃತ್ತ ಬ್ಯಾಂಕ್ ನೌಕರ, ಹುಬ್ಬಳ್ಳಿ

ಡಿಸೆಂಬರ್ ಕೊನೆ ವಾರ ಬೇಡವೇ ಬೇಡ

ತಾಯಿ, ಡಿಸೆಂಬರ್ 16ರ ಸುಮಾರಿಗೆ ಧನುರ್ಮಾಸ ಶುರುವಾಗುತ್ತದೆ, ಸಂಕ್ರಾಂತಿಯವರೆಗೂ ಇರುತ್ತದೆ. ನಮ್ಮಲ್ಲಿ ಬಹಳ ಮನೆಗಳಲ್ಲಿ ಆಗ ಮದುವೆ ಮಾಡುವುದಿಲ್ಲ. ನಿಮ್ಮ ಬಂಧುಗಳಲ್ಲೇ ನಾಲ್ಕು ಜನ ಇದನ್ನು ಎತ್ತುತ್ತಾರೆ, ನೋಡಿ. ಗೋವಾದಲ್ಲಿ ವರ್ಷದಲ್ಲೇ ಅತಿ ದುಬಾರಿ ದಿನಗಳೂ ಅವೇ. ಕ್ರಿಸ್‌ಮಸ್, ಹೊಸ ವರ್ಷ ಅಂತ ರೂಮಿನ ದರ ಮೇಲೇರಿರುತ್ತದೆ. ದಿನಾಂಕ ಬದಲಿಸಿ ಅಂತ ಮಗಳಿಗೆ ಹೇಳಲು ಶಾಸ್ತ್ರವೂ ಇದೆ, ದುಡ್ಡಿನ ಲೆಕ್ಕವೂ ಇದೆ. ತುಳಸಿ ಹಬ್ಬದ ನಂತರದ ದಿನಗಳು, ಇಲ್ಲವೇ ಮಾಘ, ಫಾಲ್ಗುಣ ನೋಡಿ. ಫೆಬ್ರುವರಿಯಲ್ಲಿ ಕಡಲು ಶಾಂತ, ಮಳೆ ಇಲ್ಲ, ಸೆಕೆ ಇನ್ನೂ ಏರಿರುವುದಿಲ್ಲ. ವೈಶಾಖದಲ್ಲಿ ಮುಹೂರ್ತ ಬೇಕಾದಷ್ಟು ಸಿಗುತ್ತವೆ. ಆದರೆ ಮೇ ತಿಂಗಳ ಕರಾವಳಿಯ ಬೆವರಿನಲ್ಲಿ ರೇಷ್ಮೆ ಸೀರೆ ಉಟ್ಟು ಕೂರುವುದು ಹುಡುಗಿಗೆ ಶಿಕ್ಷೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ, ಆ ಮಾತೇ ಇಲ್ಲ.

ಸಂಜೆ ಮದುವೆ ಅಂದರೆ ಗಾಬರಿಯಾಗಬೇಡಿ. ಗೋಧೂಳಿ ಲಗ್ನ ಅಂತ ನಮ್ಮಲ್ಲಿ ಇದ್ದೇ ಇದೆ. ಹಸುಗಳು ಮನೆಗೆ ಮರಳುವ ಹೊತ್ತು, ಸೂರ್ಯ ಮುಳುಗುವ ಆಸುಪಾಸು. ಮಗಳು ಕೇಳುತ್ತಿರುವುದೂ ಅದೇ ಹೊತ್ತು. ನಿಮ್ಮ ಮನೆ ಪುರೋಹಿತರನ್ನು ಕೇಳಿ ನೋಡಿ.

ನನಗೆ ಚಿಂತೆ ಗಾಳಿಯದು. ನಮ್ಮ ಕರಾವಳಿಯಲ್ಲಿ ಹನ್ನೊಂದು ಗಂಟೆ ಕಳೆದರೆ ಕಡಲಿನಿಂದ ಗಾಳಿ ಏಳುತ್ತದೆ, ಸಂಜೆಯವರೆಗೂ ಬೀಸುತ್ತದೆ. ದಂಡೆಯ ಮೇಲೆ ಹೋಮಕುಂಡ ಇಟ್ಟರೆ ಕಿಡಿ, ಹೊಗೆ ಎಲ್ಲ ಹುಡುಗ–ಹುಡುಗಿಯ ಮುಖಕ್ಕೇ. ಕಡಲಿನ ಕಡೆಗೆ ಒಂದು ಮರೆ ಕಟ್ಟಿಸಿ, ಸೆರಗಿಗೆ ಪಿನ್ ಹಾಕಿಸಿ, ದೀಪಕ್ಕೆ ಗಾಜಿನ ಚಿಮಣಿ ಇಡಿ. ಹೋಮ ಒಳಗೆ ಹಾಲ್‌ನಲ್ಲಿ ಅಂತಾದರೆ ಹೊಗೆಗೆ ಅಲಾರಂ ಹೊಡೆದುಕೊಳ್ಳುತ್ತದೆ. ಹಾಗಾಗಿ ಮೊದಲೇ ಕೇಳಿ ಒಪ್ಪಿಗೆ ಪಡೆಯಬೇಕು. ಒಂದು ಕಡೆ ಲಾಜಾಹೋಮದ ನಡುವೆ ಅಲಾರಂ ಕೂಗಿ ಎಲ್ಲರೂ ಎದ್ದು ಹೊರಗೆ ಓಡಿದ್ದನ್ನು ಕಂಡಿದ್ದೇನೆ. ಹೋಮ ಇಲ್ಲದ ಪದ್ಧತಿ ನಿಮ್ಮದಾದರೆ ಕೆಲಸ ಸುಲಭ. ದರ್ಭೆ, ಸಮಿತ್ತು, ಬಾಸಿಂಗ, ಅರಳು, ಧಾರೆಯ ಚೊಂಬು ಎಲ್ಲ ಊರಿನಿಂದಲೇ ಒಂದು ಪೆಟ್ಟಿಗೆಯಲ್ಲಿ ಬರಲಿ. ಅಲ್ಲಿ ಹೋಗಿ ಹುಡುಕುತ್ತಾ ಕೂರಬಾರದು.

— ಪುರೋಹಿತರು, ಕುಮಟಾ

ಬಾಯಿಮಾತು ನಂಬಬೇಡಿ, ಬರೆಸಿಕೊಳ್ಳಿ

ಮೇಡಂ, ನಾನು ಹಳಿಯಾಳದವನು. ಗೋವಾದ ಹೋಟೆಲುಗಳಲ್ಲಿ ಬ್ಯಾಂಕ್ವೆಟ್ ಕೆಲಸ ಮಾಡುತ್ತಾ ಬಂದಿದ್ದೇನೆ. ಗಂಡು–ಹೆಣ್ಣಿನ ಕಡೆಯವರು ಮದುವೆಯ ಮರುದಿನ ಬಿಲ್ ನೋಡಿ ಬೆಚ್ಚಿಬೀಳುವುದನ್ನು ನೋಡಿದ್ದೇನೆ. ನಿಮಗೆ ಹಾಗಾಗಬಾರದು.

ಪ್ಲೇಟಿಗೆ ಇಷ್ಟು, ರೂಮಿಗೆ ಇಷ್ಟು ಅಂದಾಗ ತೆರಿಗೆ ಸೇರಿದೆಯಾ ಅಂತ ಮೊದಲು ಕೇಳಿ. ದಿನಕ್ಕೆ 7,500 ರೂಪಾಯಿ ದಾಟಿದ ರೂಮಿಗೆ ಶೇ. 18 ಜಿಎಸ್‌ಟಿ ಬೀಳುತ್ತದೆ. ಐವತ್ತು ರೂಮು, ಎರಡು ರಾತ್ರಿ ಅಂದರೆ ತೆರಿಗೆಯೇ ಲಕ್ಷ ದಾಟುತ್ತದೆ. ಐವತ್ತು ರೂಮು ಹಿಡಿದಿಟ್ಟು ನಲವತ್ತಕ್ಕೇ ಜನ ಬಂದರೆ ಉಳಿದ ಹತ್ತಕ್ಕೂ ದುಡ್ಡು ಕೇಳುತ್ತಾರೆ. ಎಷ್ಟು ದಿನ ಮುಂಚೆ ಹೇಳಿದರೆ ಎಷ್ಟು ರೂಮು ಬಿಡಬಹುದು ಅಂತ ಕಾಗದದ ಮೇಲೆ ಇರಲಿ. ಮನೆಯಲ್ಲಿ ಸಾವು ಸಂಭವಿಸಿ ಸೂತಕ ಬಂದರೆ ದಿನಾಂಕ ಮುಂದಕ್ಕೆ ಹಾಕಲು ಅವಕಾಶ ಇದೆಯಾ ಅನ್ನುವುದನ್ನೂ ಬರೆಸಿ. ಮನೆಯಲ್ಲಿ ವಯಸ್ಸಾದವರಿದ್ದಾರೆ, ಈ ಮಾತು ಆಡಲು ಹಿಂಜರಿಯಬೇಡಿ.

ಬೀಚು ರೆಸಾರ್ಟಿನ ಸ್ವಂತದ್ದಲ್ಲ, ಅದು ಎಲ್ಲರದ್ದು. ಮರಳಿನ ಮೇಲೆ ಮಂಟಪ ಹಾಕಲು ಅನುಮತಿ ಬೇಕು. ಯಾರು ತರುತ್ತಾರೆ, ಯಾವಾಗ ತರುತ್ತಾರೆ ಅಂತ ಕೇಳಿ. ಕಾಗದ ಕಣ್ಣಾರೆ ನೋಡಿ. ಕಾಣಕೋಣದ ಕಡೆ ಅಗೋಂದ, ಗಾಲಜಿಬಾಗ್ ದಂಡೆಗಳಲ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಚಳಿಗಾಲದಿಂದ ಬೇಸಿಗೆಯವರೆಗೆ ಅದರದ್ದೇ ಕಾಲ. ಅಲ್ಲಿ ರಾತ್ರಿ ಜೋರು ಲೈಟು, ಸದ್ದು ನಡೆಯುವುದಿಲ್ಲ, ನಡೆಯಲೂಬಾರದು. ಎಲ್ಲೇ ಆಗಲಿ, ಹೊರಗಡೆ ರಾತ್ರಿ 10ಕ್ಕೆ ಧ್ವನಿವರ್ಧಕ ಬಂದ್. ಸಂಗೀತ್ ಇಟ್ಟುಕೊಳ್ಳುವುದಿದ್ದರೆ ಆರಕ್ಕೇ ಶುರು ಮಾಡಿ.

ಆ ದಿನ ಕಡಲಿನ ಭರತ ಎಷ್ಟು ಹೊತ್ತಿಗೆ, ಇಳಿತ ಎಷ್ಟು ಹೊತ್ತಿಗೆ ಅಂತ ತಿಂಗಳುಗಟ್ಟಲೆ ಮುಂಚೆಯೇ ಗೊತ್ತಾಗುತ್ತದೆ. ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಹತ್ತಿರ ನೀರು ಜಾಸ್ತಿ ಮೇಲೆ ಬರುತ್ತದೆ. ಇದನ್ನು ನೋಡದೆ ಮಂಟಪ ಹಾಕಿದರೆ ಧಾರೆಯ ಹೊತ್ತಿಗೆ ಅಲೆ ಕಾರ್ಪೆಟ್ಟಿನ ತನಕ ಬಂದಿರುತ್ತದೆ. ಕುರ್ಚಿ ಕಾಲು ಮರಳಿಗೆ ಇಳಿಯುತ್ತವೆ, ಕಾರ್ಪೆಟ್ಟಿನ ಕೆಳಗೆ ಪ್ಲೈವುಡ್ ಹಾಸಿಸಿ. ಮಳೆ ಬಂದರೆ ಯಾವ ಹಾಲ್ ಅನ್ನುವುದು ಹೆಸರು ಸಮೇತ ಕರಾರಿನಲ್ಲಿ ಇರಬೇಕು.

ಊಟದ ಬಗ್ಗೆ ಒಂದು ಮಾತು. ಹೊರಗಿನ ಅಡುಗೆಯವರನ್ನು ದೊಡ್ಡ ಹೋಟೆಲುಗಳು ಸಾಮಾನ್ಯವಾಗಿ ಬಿಡುವುದಿಲ್ಲ. ಆದರೆ ಅವರ ಶೆಫ್‌ಗೆ ನಿಮ್ಮ ಪದಾರ್ಥಗಳ ಪಟ್ಟಿ ಕೊಟ್ಟು, ರುಚಿ ನೋಡುವ ದಿನ ನೀವೇ ಕೂತರೆ ಹೋಳಿಗೆ, ಎಣಗಾಯಿ ಚೆನ್ನಾಗಿಯೇ ಮಾಡಿಕೊಡುತ್ತಾರೆ. ಅತ್ತೆಯವರಿಗೆ ಬಫೆ ಸಾಲಿನಲ್ಲಿ ನಿಲ್ಲಲು ಆಗುವುದಿಲ್ಲ. ಹಿರಿಯರಿಗೆ ಮಾತ್ರ ಎಲೆ ಹಾಕಿ ಬಡಿಸಿ ಅಂತ ಕೇಳಿ, ಯಾರೂ ಇಲ್ಲ ಅನ್ನುವುದಿಲ್ಲ.

— ಹೋಟೆಲ್ ಉದ್ಯೋಗಿ, ಮಡಗಾಂವ್

ಅವಳನ್ನು ಒಮ್ಮೆ ‘ಯಾಕೆ’ ಅಂತ ಕೇಳಿ, ಆಂಟಿ

ನಾನೂ ನಿಮ್ಮ ಮಗಳ ವಯಸ್ಸಿನವಳೇ. ಅವಳಿಗೆ ಶೋಕಿ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ನನ್ನ ಅಕ್ಕನ ಆರತಕ್ಷತೆಯಲ್ಲಿ ಅವಳು ಸಂಜೆಯಿಂದ ರಾತ್ರಿಯವರೆಗೆ ನಿಂತೇ ಇದ್ದಳು. ಯಾರ ಜೊತೆಗೂ ನಾಲ್ಕು ಮಾತು ಆಡಲಾಗಲಿಲ್ಲ, ಕೊನೆಗೆ ಊಟಕ್ಕೆ ಕೂತಾಗ ಅನ್ನ ಆರಿ ತಣ್ಣಗಾಗಿತ್ತು. ಅದನ್ನು ನೋಡಿದ ಮೇಲೆ ನನಗೂ ಕಡಿಮೆ ಜನ ಸಾಕು ಅನ್ನಿಸಿತು. ಎರಡು ದಿನ ಎಲ್ಲರೂ ಒಂದೇ ಕಡೆ ಇದ್ದು, ಕೂತು ಮಾತಾಡಿ, ಒಟ್ಟಿಗೆ ಉಣ್ಣಬೇಕು ಅನ್ನುವ ಆಸೆ ಅಷ್ಟೇ. ನಿಮ್ಮ ಮಗಳಿಗೂ ಅದೇ ಇರಬಹುದು, ಅಥವಾ ಬೇರೇನೋ ಇರಬಹುದು. ‘ಬೇಡ’ ಅನ್ನುವ ಮುಂಚೆ ‘ಯಾಕೆ’ ಅಂತ ಕೇಳಿದರೆ ಅವಳು ಖಂಡಿತ ಹೇಳುತ್ತಾಳೆ. ಅವಳ ಸಂಬಳದಿಂದ ಎಷ್ಟು ಹಾಕುತ್ತಾಳೆ ಅಂತಲೂ ಕೇಳಿ. ಅದು ಅವಳಿಗೆ ಬೇಜಾರಾಗುವ ಪ್ರಶ್ನೆ ಅಲ್ಲ.

— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ನಮ್ಮ ಕಡಲೂ ಇದೆ

ಗೋವಾನೇ ಯಾಕೆ? ಕಾರವಾರ, ಗೋಕರ್ಣ, ಹೊನ್ನಾವರ, ಮಲ್ಪೆ, ಇಲ್ಲೆಲ್ಲ ಅದೇ ಅರಬ್ಬೀ ಸಮುದ್ರ, ಅದೇ ಸೂರ್ಯಾಸ್ತ. ಹೊನ್ನಾವರದ ಕಾಸರಕೋಡು, ಉಡುಪಿಯ ಪಡುಬಿದ್ರಿ ಬೀಚುಗಳಿಗೆ 2020ರಲ್ಲೇ, ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ. ಅಡುಗೆ ಭಟ್ಟರು, ಪುರೋಹಿತರು, ವಾದ್ಯದವರು ಎಲ್ಲ ಇಲ್ಲೇ ಸಿಗುತ್ತಾರೆ. ಮಾಲೆಗೆ ಭಟ್ಕಳ ಮಲ್ಲಿಗೆ ಬೆಳಿಗ್ಗೆ ಬಿಡಿಸಿದ್ದೇ ಬರುತ್ತದೆ. ನಿಮ್ಮತ್ತೆಗೆ ಇಲ್ಲಿಯ ರೆಸಾರ್ಟಿನ ಹುಡುಗರ ಹತ್ತಿರ ಬಿಸಿನೀರು ಕೇಳಲೂ ಭಾಷೆಯ ತೊಡಕಿಲ್ಲ. ದೊಡ್ಡ ರೆಸಾರ್ಟುಗಳು ಗೋವಾದಷ್ಟು ಇಲ್ಲ, ನಿಜ. ನೂರು ಜನಕ್ಕೆ ಸಾಕಾಗುವಂಥವು ಇವೆ. ಮಗಳನ್ನು ಒಮ್ಮೆ ಕರೆದುಕೊಂಡು ಬನ್ನಿ.

— ಗೃಹಿಣಿ, ಅಂಕೋಲಾ

ಸಾಲ ಮಾತ್ರ ಮಾಡಬೇಡಿ

ಅಮ್ಮಾ, ಪತ್ರದಲ್ಲಿ ನೀವು ದುಡ್ಡಿನ ಮಾತೇ ಎತ್ತಿಲ್ಲ. ಅದಕ್ಕೇ ಕೇಳುತ್ತಿದ್ದೇನೆ. ಗೋವಾದ್ದೂ ಊರಿನದ್ದೂ ಸೇರಿದರೆ ಎರಡು ಮದುವೆಯ ಖರ್ಚು. ಕೈಯಲ್ಲಿರುವ ದುಡ್ಡಿನಲ್ಲಿ ಎರಡೂ ಆದರೆ ಸಂತೋಷ. ಆಗದಿದ್ದರೆ ಮಗಳನ್ನು ಕೂರಿಸಿಕೊಂಡು ಲೆಕ್ಕದ ಪುಸ್ತಕ ತೆಗೆದು ತೋರಿಸಿ. ಓದಿದ ಹುಡುಗಿ, ಅರ್ಥ ಮಾಡಿಕೊಳ್ಳುತ್ತಾಳೆ. ಅಪ್ಪ–ಅಮ್ಮ ಅಡವಿಟ್ಟು ಮಾಡಿದ ಮದುವೆ ಅಂತ ಆಮೇಲೆ ಗೊತ್ತಾದರೆ ಅವಳಿಗೇ ಹೆಚ್ಚು ನೋವು.

— ನಿವೃತ್ತ ಶಿಕ್ಷಕಿ, ಶಿವಮೊಗ್ಗ

ನೋಂದಣಿ ಮರೆಯಬೇಡಿ

ರೆಸಾರ್ಟಿನವರು ಕೊಡುವ ಚಂದದ ಸರ್ಟಿಫಿಕೇಟು ಕಾನೂನಿನ ಲೆಕ್ಕಕ್ಕೆ ಬರುವುದಿಲ್ಲ. ಗೋವಾದ ಸಿವಿಲ್ ನೋಂದಣಿಯ ಪದ್ಧತಿ ನಮ್ಮದಕ್ಕಿಂತ ಬೇರೆ. ಮೊದಲು ಇಬ್ಬರೂ ಘೋಷಣೆ ಕೊಡಬೇಕು, ಆಮೇಲೆ ಮತ್ತೆ ಹೋಗಿ ಸಹಿ ಮಾಡಬೇಕು. ಎರಡು ದಿನಕ್ಕೆ ಹೋಗಿಬರುವವರಿಗೆ ಅದು ಕಷ್ಟ. ಹಾಗಾಗಿ ದಿನಾಂಕ ಗೊತ್ತು ಮಾಡುವ ಮೊದಲೇ ನಿಮ್ಮ ಊರಿನ ಉಪನೋಂದಣಿ ಕಚೇರಿಗೆ ಹೋಗಿ, ಮದುವೆ ಗೋವಾದಲ್ಲಿ ಆಗುತ್ತದೆ ಅಂತ ಹೇಳಿ, ಏನೇನು ಕಾಗದ ಬೇಕು ಕೇಳಿಕೊಂಡು ಬನ್ನಿ. ಆಮಂತ್ರಣ ಪತ್ರಿಕೆ, ತಾಳಿ ಕಟ್ಟುವ ಮತ್ತು ಸಪ್ತಪದಿಯ ಫೋಟೊ, ಇಬ್ಬರ ವಯಸ್ಸು–ವಿಳಾಸದ ದಾಖಲೆ ಜೋಪಾನವಾಗಿಡಿ. ಶಾಸ್ತ್ರಗಳನ್ನು ಮೊಟಕು ಮಾಡಬೇಡಿ. ಹಿಂದೂ ವಿವಾಹಕ್ಕೆ ವಿಧಿಗಳು ನಡೆದಿರಲೇಬೇಕು, ಬರೀ ಸರ್ಟಿಫಿಕೇಟು ಸಾಲದು ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮುಂದೆ ಇಬ್ಬರಲ್ಲಿ ಯಾರಾದರೂ ವಿದೇಶಕ್ಕೆ ಹೋದರೆ ವೀಸಾಕ್ಕೆ ಮೊದಲು ಕೇಳುವುದೇ ನೋಂದಣಿ ಪತ್ರ. ಸಾಕ್ಷಿ ಹಾಕುವವರು ಊರಿನಲ್ಲೇ ಸಿಗುವವರಾಗಿರಲಿ.

— ವಕೀಲೆ, ಧಾರವಾಡ