ಹಿತ್ತಲ ಕೋಳಿಗೆ ಸುಣ್ಣದಂಶ: ಪಶುವೈದ್ಯರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಎರಡು ವಾರಗಳಿಂದ ಮೊಟ್ಟೆಯ ಓಡು ತೆಳುವಾಗುತ್ತಿದೆ ಎಂದು ಹಲವರು ಬರೆಯುತ್ತಿರುವುದರಿಂದ, ಗುಂಪಿನ ಪಶುವೈದ್ಯೆಯವರು ಇಂದು ಸಂಜೆ ಉತ್ತರಿಸಲು ಒಪ್ಪಿದ್ದಾರೆ. ಪ್ರಶ್ನೆ ಕೇಳುವವರು ಕೋಳಿಯ ತಳಿ, ವಯಸ್ಸು ಮತ್ತು ಈಗ ಹಾಕುತ್ತಿರುವ ಆಹಾರವನ್ನು ತಪ್ಪದೆ ತಿಳಿಸಬೇಕು.

ತೀರ್ಥಹಳ್ಳಿಯ ಸದಸ್ಯೆ: ನಮಸ್ಕಾರ ಮೇಡಂ. ನಮ್ಮಲ್ಲಿ ಒಂದು ವರ್ಷ ತುಂಬಿದ ಎಂಟು ಗಿರಿರಾಜ ಹೇಂಟೆಗಳಿವೆ. ಬೆಳಿಗ್ಗೆ ನುಚ್ಚಕ್ಕಿ, ಸಂಜೆ ಉಳಿದ ಅನ್ನ ಹಾಕುತ್ತೇವೆ, ಹಗಲೆಲ್ಲ ತೋಟದಲ್ಲಿ ಮೇಯುತ್ತವೆ. ಮೊಟ್ಟೆಯನ್ನು ಎತ್ತಿಕೊಳ್ಳುವಾಗ ಹೆಬ್ಬೆರಳು ಒಳಕ್ಕೆ ಹೋಗುವಷ್ಟು ಓಡು ತೆಳುವಾಗಿದೆ. ಬಚ್ಚಲುಮನೆಯ ಗೋಡೆಯ ಸುಣ್ಣವನ್ನು ಕುಕ್ಕಿ ಕುಕ್ಕಿ, ನೆಲದಿಂದ ಒಂದು ಗೇಣು ಎತ್ತರದವರೆಗೆ ಇಟ್ಟಿಗೆ ಕಾಣುವಂತೆ ಮಾಡಿವೆ.

ವೈದ್ಯೆ: ನಮಸ್ಕಾರ. ಗೋಡೆ ಕುಕ್ಕುವುದು ಸುಣ್ಣದಂಶದ, ಅಂದರೆ ಕ್ಯಾಲ್ಸಿಯಂನ, ಹಸಿವಿನ ಸ್ಪಷ್ಟ ಲಕ್ಷಣ. ಒಂದು ಮೊಟ್ಟೆಯ ಓಡು ಐದಾರು ಗ್ರಾಂ ತೂಗುತ್ತದೆ, ಅದರಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ತಿಂದದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಮೈಗೆ ಹತ್ತುವುದರಿಂದ, ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ 4 ಗ್ರಾಂನ ಹತ್ತಿರ ಬೇಕು. ನೀವು ಹಾಕುವ ಅಕ್ಕಿಯಲ್ಲಿ 100 ಗ್ರಾಂಗೆ 10 ಮಿಲಿಗ್ರಾಂ ಆಸುಪಾಸು ಇದೆ, ಅಂದರೆ ಇಲ್ಲವೆಂದೇ ಲೆಕ್ಕ.

ಕಪ್ಪೆಚಿಪ್ಪನ್ನು ಜೋಳದ ಕಾಳಿನ ಗಾತ್ರಕ್ಕೆ ಕುಟ್ಟಿ, ಜರಡಿ ಹಿಡಿದು ಧೂಳನ್ನು ತೆಗೆದು, ಆಹಾರಕ್ಕೆ ಬೆರೆಸದೆ ಬೇರೆ ಬಟ್ಟಲಿನಲ್ಲಿ ಮಧ್ಯಾಹ್ನ ಮೂರರ ನಂತರ ಇಡಿ. ಹೊತ್ತನ್ನು ಒತ್ತಿ ಹೇಳಲು ಕಾರಣವಿದೆ. ಓಡು ಕಟ್ಟುವ ಕೆಲಸ ಸುಮಾರು 20 ಗಂಟೆ ಹಿಡಿಯುತ್ತದೆ, ಅದರ ಬಹುಪಾಲು ನಡೆಯುವುದು ಕೋಳಿ ಏನನ್ನೂ ತಿನ್ನದ ರಾತ್ರಿಯಲ್ಲಿ. ಪುಡಿ ಬೇಗ ಕರಗಿ ಹೊರಟುಹೋಗುತ್ತದೆ. ಸಂಜೆ ನುಂಗಿದ ಚೂರು ಮಾತ್ರ ಕಾಳು ಅರೆಯುವ ಹೊಟ್ಟೆಯಲ್ಲಿ ನಿಂತು, ಬೆಳಗಿನವರೆಗೆ ಸ್ವಲ್ಪ ಸ್ವಲ್ಪವೇ ಕರಗಿ ರಕ್ತಕ್ಕೆ ಸೇರುತ್ತದೆ. ಅದು ಸಾಲದಿದ್ದರೆ ಕೋಳಿ ತನ್ನ ಮೂಳೆಯಿಂದಲೇ ತೆಗೆದು ಓಡು ಕಟ್ಟುತ್ತದೆ, ತಿಂಗಳುಗಟ್ಟಲೆ ಹಾಗೇ ನಡೆದರೆ ಕಾಲಿನ ಮೇಲೆ ನಿಲ್ಲಲಾರದು. ಎಷ್ಟು ತಿನ್ನಬೇಕು ಎಂಬುದನ್ನು ಅದಕ್ಕೇ ಬಿಡಿ.

ಪುತ್ತೂರಿನ ಸದಸ್ಯ: ನಮ್ಮ ಕಡೆ ಅಡುಗೆ ಮಾಡಿ ಉಳಿದ ಮರುವಾಯಿ ಎಂಬ ಚಿಪ್ಪುಜೀವಿಯ ಚಿಪ್ಪು ಬೇಕಾದಷ್ಟು ಸಿಗುತ್ತದೆ. ಅದು ಆಗಬಹುದೇ ಮೇಡಂ?

ವೈದ್ಯೆ: ಧಾರಾಳವಾಗಿ ಆಗುತ್ತದೆ. ಉಪ್ಪು ಹೋಗುವಂತೆ ತೊಳೆದು, ಬಿಸಿಲಿನಲ್ಲಿ ಒಣಗಿಸಿ ಕುಟ್ಟಿ.

ಶಿರಾದ ಸದಸ್ಯ: ತಿನ್ನುವ ಸುಣ್ಣವನ್ನು ಕುಡಿಯುವ ನೀರಿಗೆ ಕಲಸಿ ಇಟ್ಟರೆ ವಾರದಲ್ಲಿ ಓಡು ಗಟ್ಟಿಯಾಗುತ್ತದೆ ಎಂಬ ಸಂದೇಶ ಬಂದಿದೆ. ಸರಿಯೇ?

ವೈದ್ಯೆ: ಸರಿಯಲ್ಲ. ಒಂದು ಲೀಟರ್ ನೀರಿಗೆ ಎಷ್ಟೇ ಸುಣ್ಣ ಹಾಕಿದರೂ ಕರಗುವುದು ಒಂದೂವರೆ ಗ್ರಾಂಗಿಂತ ಸ್ವಲ್ಪ ಹೆಚ್ಚು, ಅದರಲ್ಲಿರುವ ಕ್ಯಾಲ್ಸಿಯಂ ಒಂದು ಗ್ರಾಂಗೂ ಕಡಿಮೆ. ಕೋಳಿ ದಿನಕ್ಕೆ ಕಾಲು ಲೀಟರ್ ಕುಡಿದರೆ ಅದಕ್ಕೆ ಕಾಲು ಗ್ರಾಂ ಕೂಡ ದಕ್ಕುವುದಿಲ್ಲ. ತಳದಲ್ಲಿ ಕೂತ ಸುಣ್ಣವನ್ನು ಕಲಕಿ ಕುಡಿದರೆ ಬಾಯಿ, ಗಂಟಲು ಸುಡುತ್ತದೆ. ನೀರು ಒಗರಾಗಿದೆ ಎಂದು ಕೋಳಿ ಕುಡಿಯುವುದನ್ನೇ ಕಡಿಮೆ ಮಾಡಿದರೆ ಮೊಟ್ಟೆಯೂ ನಿಲ್ಲುತ್ತದೆ.

ತುರುವೇಕೆರೆಯ ಸದಸ್ಯ: ಇಷ್ಟೆಲ್ಲ ತಾಪತ್ರಯ ಏಕೆಂದು ನನಗೆ ಅರ್ಥವಾಗುತ್ತಿಲ್ಲ. ರಾಗಿಯಲ್ಲಿ ಇರುವಷ್ಟು ಕ್ಯಾಲ್ಸಿಯಂ ಬೇರೆ ಧಾನ್ಯದಲ್ಲಿಲ್ಲ. ನಮ್ಮ ಅಜ್ಜಿ ಜೀವನಪೂರ್ತಿ ಕೋಳಿಗೆ ರಾಗಿ ಎರಚಿದರು, ಒಂದು ಚಿಪ್ಪನ್ನೂ ಕುಟ್ಟಿದವರಲ್ಲ, ಒಂದು ಮೊಟ್ಟೆಯೂ ಒಡೆದದ್ದಿಲ್ಲ.

ಪುತ್ತೂರಿನ ಸದಸ್ಯ: ಅಣ್ಣ, ನಿಮ್ಮ ಅಜ್ಜಿಯ ನಾಟಿ ಕೋಳಿ ವರ್ಷಕ್ಕೆ ಅರವತ್ತೆಪ್ಪತ್ತು ಮೊಟ್ಟೆ ಇಟ್ಟು, ನಡುವೆ ಕಾವಿಗೆ ಕೂತು ಮೂಳೆಯನ್ನು ತುಂಬಿಕೊಳ್ಳುತ್ತಿತ್ತು. ಇಲ್ಲಿ ಅನೇಕರು ಸಾಕಿರುವ ಬಿವಿ 380 ವರ್ಷಕ್ಕೆ 300 ಮೊಟ್ಟೆ ಇಡುವ ತಳಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ತುರುವೇಕೆರೆಯ ಸದಸ್ಯ: ನಾಟಿ ಕೋಳಿ ಸಾಕುವವರು ದಡ್ಡರು ಎಂದು ನೇರವಾಗಿಯೇ ಹೇಳಿಬಿಡಿ ಸ್ವಾಮಿ.

ಪುತ್ತೂರಿನ ಸದಸ್ಯ: ನಾನು ಹಾಗೆ ಹೇಳಿಲ್ಲ. ನನ್ನ ಮನೆಯಲ್ಲೂ ನಾಟಿ ಕೋಳಿಗಳಿವೆ.

ವೈದ್ಯೆ: ರಾಗಿ ಧಾನ್ಯಗಳಲ್ಲಿ ಮೇಲು ಎಂಬುದು ನಿಜ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಅದರಲ್ಲೂ ಒಂದು ಪಾಲು ಕೋಳಿಗೆ ದಕ್ಕುವುದಿಲ್ಲ. ಬೇಕಿರುವುದು 4 ಗ್ರಾಂ. ಲೆಕ್ಕ ನೀವೇ ಮಾಡಿಕೊಳ್ಳಿ.

ಅರಸೀಕೆರೆಯ ಸದಸ್ಯ: ಮೇಡಂ, ನಮ್ಮಲ್ಲಿ ಆರು ಬಿವಿ 380 ಹೇಂಟೆಗಳೂ ಆರು ವಾರದ ಹದಿನಾಲ್ಕು ಮರಿಗಳೂ ಒಂದೇ ಕೊಟ್ಟಿಗೆಯಲ್ಲಿ, ಒಂದೇ ತಟ್ಟೆಯಲ್ಲಿ ತಿನ್ನುತ್ತವೆ. ಈ ಗುಂಪಿನಲ್ಲಿ ಬಂದ ಸಂದೇಶದಂತೆ 25 ಕಿಲೋ ಲೇಯರ್ ಫೀಡ್‌ಗೆ (ಮೊಟ್ಟೆ ಇಡುವ ಕೋಳಿಗಳ ಸಿದ್ಧ ಆಹಾರ) 2 ಕಿಲೋ ಸುಣ್ಣದಕಲ್ಲಿನ ಪುಡಿ ಬೆರೆಸಿದ್ದೆ. ಐದು ದಿನಗಳಲ್ಲಿ ನಾಲ್ಕು ಮರಿಗಳು ಸತ್ತವು. ಹೂಳುವ ಮೊದಲು ಒಂದನ್ನು ಕೊಯ್ದು ನೋಡಿದರೆ, ಗುಂಡಿಗೆಯ ಮೇಲೂ ಪಿತ್ತಜನಕಾಂಗದ (ಲಿವರ್) ಮೇಲೂ ರಂಗೋಲಿ ಪುಡಿ ಉದುರಿಸಿದಂತೆ ಬಿಳಿ ಪದರ ಕಾಣಿಸಿತು. ಚಿತ್ರ ಹಾಕಿದ್ದೇನೆ.

ವೈದ್ಯೆ: ಆ ತಟ್ಟೆಯನ್ನು ಈಗಲೇ ಎತ್ತಿಬಿಡಿ, ಉಳಿದದ್ದನ್ನು ಆಮೇಲೆ ಓದಿ.

ಚಿತ್ರದಲ್ಲಿ ಕಾಣುತ್ತಿರುವುದು ಗೌಟ್. ಕೋಳಿಯ ಹಿಕ್ಕೆಯ ಮೇಲೆ ಬಿಳಿಯಾಗಿ ಕಾಣುವ ಭಾಗವೇ ಅದರ ಮೂತ್ರ. ಮೂತ್ರಪಿಂಡ ಕೆಟ್ಟಾಗ ಆ ಬಿಳಿ ಲವಣ ಹೊರಗೆ ಹೋಗಲಾರದೆ ರಕ್ತದಲ್ಲಿ ಉಳಿದು, ಕೊನೆಗೆ ಗುಂಡಿಗೆ, ಪಿತ್ತಜನಕಾಂಗಗಳ ಮೇಲೆ ಕೂರುತ್ತದೆ. ಮರಿಗಳ ಆಹಾರದಲ್ಲಿ ಕ್ಯಾಲ್ಸಿಯಂ ಶೇಕಡಾ 1ರಷ್ಟಿದ್ದರೆ ಸಾಕು. ಲೇಯರ್ ಫೀಡ್‌ನಲ್ಲಿ ಆಗಲೇ ಶೇಕಡಾ 3.5ರಿಂದ 4 ಇರುತ್ತದೆ, ಅದೇ ಮರಿಗೆ ಹೆಚ್ಚು. ಅದರ ಮೇಲೆ ನೀವು ಬೆರೆಸಿದ ಪುಡಿಯೂ ಸೇರಿ ಶೇಕಡಾ 6 ದಾಟಿದೆ. ಓಡು ಕಟ್ಟದ ಮೈಗೆ ಅಷ್ಟು ಸುಣ್ಣವನ್ನು ಹೊರಹಾಕಲು ಮೂತ್ರಪಿಂಡವೊಂದೇ ದಾರಿ, ಆರು ವಾರದ ಮರಿಯ ಮೂತ್ರಪಿಂಡ ಅದನ್ನು ತಾಳಲಿಲ್ಲ.

ಉಳಿದ ಹತ್ತು ಮರಿಗಳನ್ನು ಇಂದೇ ಬೇರೆ ಮಾಡಿ, ಮರಿಗಳ ಫೀಡ್ ಸಿಗುವವರೆಗೆ ನುಚ್ಚು ಮಾತ್ರ ಹಾಕಿ, ನೀರಿನ ತಟ್ಟೆಯನ್ನು ಎರಡು ಮೂರು ಕಡೆ ಇಟ್ಟು ಒಂದು ಗಳಿಗೆಯೂ ಬರಿದಾಗದಂತೆ ನೋಡಿಕೊಳ್ಳಿ. ಗೌಟ್ ಸೋಂಕಿನಿಂದಲೂ ನೀರಿನ ಕೊರತೆಯಿಂದಲೂ ಬರುವುದರಿಂದ ನಾನು ಚಿತ್ರವೊಂದನ್ನೇ ನಂಬಿ ಕೂರಲಾರೆ. ಇನ್ನೊಂದು ಮರಿ ಸತ್ತರೆ ಹೂಳದೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಂಜುಗಡ್ಡೆಯ ನಡುವೆ ಇಟ್ಟು ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ಯಿರಿ. ಹೇಂಟೆಗಳ ಮೊಟ್ಟೆಯ ಮೇಲೆ ರವೆಯಂತೆ ಒರಟು ಕಾಳುಗಳು ಕೈಗೆ ಸಿಗುತ್ತಿವೆಯೇ, ನೋಡಿ ತಿಳಿಸಿ.

ಅರಸೀಕೆರೆಯ ಸದಸ್ಯ: ಸಿಗುತ್ತಿವೆ ಮೇಡಂ. ಓಡು ಗಟ್ಟಿಯಾಗುತ್ತಿರುವ ಗುರುತೆಂದು ಸಂತೋಷಪಟ್ಟಿದ್ದೆವು.

ವೈದ್ಯೆ: ಅದು ಹೇಂಟೆಗೂ ಹೆಚ್ಚಾಗಿದೆ ಎಂಬುದರ ಗುರುತು. ಒಳ್ಳೆಯ ಲೇಯರ್ ಫೀಡ್ ಹೊಟ್ಟೆ ತುಂಬ ತಿನ್ನುವ ಕೋಳಿಗೆ ಪುಡಿ ಬೆರೆಸುವ ಅಗತ್ಯವೇ ಇಲ್ಲ. ಯಾರಿಗೆ ಬೇಕೋ ಅವರು ತಿನ್ನಲಿ ಎಂದೇ ನಾನು ಬೇರೆ ಬಟ್ಟಲು ಎನ್ನುವುದು. ತಟ್ಟೆಗೆ ಬೆರೆಸಿದರೆ ಮರಿಗೂ ಹುಂಜಕ್ಕೂ ಆರಿಸಿಕೊಳ್ಳುವ ದಾರಿಯಿಲ್ಲ. 16 ವಾರ ತುಂಬದ ಯಾವ ಕೋಳಿಗೂ ಲೇಯರ್ ಫೀಡ್ ಹಾಕಬೇಡಿ. ಆ ಸಂದೇಶವನ್ನು ಇಲ್ಲಿ ಹಾಕಿದವರು ದಯವಿಟ್ಟು ಅಳಿಸಬೇಕು.

ಹಿರಿಯೂರಿನ ಸದಸ್ಯ: ಹಾಕಿದವನು ನಾನು. ಅದರಲ್ಲಿ ಮೊಟ್ಟೆ ಕೋಳಿಗೆ ಎಂದೇ ಬರೆದಿತ್ತು. ಮರಿಗೆ ತಿನ್ನಿಸಿದ್ದು ಅವರ ತಪ್ಪು.

ತೀರ್ಥಹಳ್ಳಿಯ ಸದಸ್ಯೆ: ಹಿತ್ತಲಲ್ಲಿ ಮರಿ, ಹುಂಜ, ಹೇಂಟೆ ಒಟ್ಟಿಗೇ ಇರುತ್ತವೆ ಎಂಬುದು ಕೋಳಿ ಸಾಕುವ ಯಾರಿಗಾದರೂ ಗೊತ್ತು. ನಾಲ್ಕು ಮರಿ ಕಳೆದುಕೊಂಡವರಿಗೆ ಹೇಳುವ ಮಾತೇ ಇದು?

ಹಿರಿಯೂರಿನ ಸದಸ್ಯ: ಉಪಕಾರವಾಗಲಿ ಎಂದು ಹಾಕಿದ್ದಕ್ಕೆ ಎಲ್ಲರೂ ಸೇರಿ ಗುರಿ ಮಾಡುತ್ತಿದ್ದೀರಿ.

ವೈದ್ಯೆ: ಉಪಕಾರ ಮಾಡುವ ಮನಸ್ಸಿದ್ದರೆ ಅಳಿಸಿ. ಇಂದು ರಾತ್ರಿ ಇನ್ನೊಬ್ಬರು ಅದನ್ನು ಓದಿ ಪುಡಿ ಬೆರೆಸಬಾರದು.

ರಾಯಚೂರಿನ ಸದಸ್ಯೆ: ಚಿಪ್ಪು ಇಟ್ಟರೂ ಏಪ್ರಿಲ್ ಬಂದೊಡನೆ ನಮ್ಮಲ್ಲಿ ಓಡು ತೆಳುವಾಗುತ್ತದೆ ಮೇಡಂ.

ವೈದ್ಯೆ: ಬಿಸಿಲಿಗೆ ಕೋಳಿ ಬಾಯ್ದೆರೆದು ಏದುಸಿರು ಬಿಡುವಾಗ, ಓಡಿಗೆ ಬೇಕಾದ ಇಂಗಾಲದ ಡೈಆಕ್ಸೈಡ್ ಉಸಿರಿನ ಜೊತೆ ಹೊರಟುಹೋಗುತ್ತದೆ, ಆಹಾರವೂ ಕಡಿಮೆಯಾಗುತ್ತದೆ. ನೆರಳು, ಮಡಕೆಯ ತಣ್ಣೀರು ಕೊಟ್ಟು, ಆಹಾರವನ್ನು ನಸುಕಿನಲ್ಲೂ ಸಂಜೆ ತಂಪಾದ ಮೇಲೂ ಹಾಕಿ.

ಮಂಡ್ಯದ ಸದಸ್ಯ: ತಿನ್ನುವ ಸುಣ್ಣವನ್ನು ನೀರಿಗೆ ಹಾಕಬಹುದೇ?

ವೈದ್ಯೆ: ಬೇಡ. ಮೇಲೆ ಬರೆದಿದ್ದೇನೆ.

ಸಾಗರದ ಸದಸ್ಯೆ: ಮೊಟ್ಟೆಯ ಓಡನ್ನೇ ಹಾಕಿದರೆ ಮೊಟ್ಟೆ ಒಡೆದು ತಿನ್ನುವ ಚಟ ಬರುತ್ತದೆಯೇ?

ವೈದ್ಯೆ: ಓಡಿನ ಆಕಾರ ಗುರುತು ಸಿಗುವಂತೆ ಹಾಕಿದರೆ ಬರಬಹುದು. ಕುದಿಸಿ, ಒಣಗಿಸಿ, ಹೆಂಚಿನ ಮೇಲೆ ಹುರಿದು, ಚೂರು ಮಾಡಿ ಹಾಕಿ.

ಗದಗಿನ ಸದಸ್ಯ: ಗೌಜಲಕ್ಕಿಗೂ ಇದೇ ಅಳತೆಯೇ ಮೇಡಂ?

ಮಂಡ್ಯದ ಸದಸ್ಯ: ತಿಳಿಸುಣ್ಣದ ನೀರಾದರೆ?

ವೈದ್ಯೆ: ಶಿರಾದವರಿಗೆ ಕೊಟ್ಟ ಉತ್ತರವನ್ನು ಓದದೆ ಮೂರನೆಯ ಸಲ ಕೇಳಬೇಡಿ.

ತುರುವೇಕೆರೆಯ ಸದಸ್ಯ: ಕೇಳುವವರನ್ನು ಗದರಿಸುವುದಾದರೆ ಪ್ರಶ್ನೋತ್ತರ ಏಕೆ ಇಟ್ಟಿರಿ? ಹಸುವಿಗೆ ಕೊಡುವ ಕ್ಯಾಲ್ಸಿಯಂ ಟಾನಿಕ್ಕನ್ನು ಕೋಳಿಗೆ ಕೊಡಬಹುದೇ ಎಂದು ನಾನು ಕೇಳಬೇಕೆಂದಿದ್ದೆ, ಈಗ ಬೇಡ.

ನಿರ್ವಾಹಕರು: ಸದಸ್ಯರು ದಯವಿಟ್ಟು ಸಂಯಮದಿಂದ ಬರೆಯಬೇಕು.

ಅರಸೀಕೆರೆಯ ಸದಸ್ಯ (ಮರುದಿನ ಬೆಳಿಗ್ಗೆ): ರಾತ್ರಿ ಇನ್ನೊಂದು ಮರಿ ಹೋಯಿತು ಮೇಡಂ, ಆಸ್ಪತ್ರೆಗೆ ಒಯ್ದೆ. ಮೂತ್ರಪಿಂಡ ಊದಿ ಬೆಳ್ಳಗಾಗಿದೆ, ಗೌಟ್ ಎಂದೇ ಹೇಳಿದರು. ಸೋಂಕಿನ ಪರೀಕ್ಷೆಗೆ ಮಾದರಿ ತೆಗೆದುಕೊಂಡಿದ್ದಾರೆ. ಒಂಬತ್ತು ಉಳಿದಿವೆ, ಏಳು ಚುರುಕಾಗಿ ತಿನ್ನುತ್ತಿವೆ, ಎರಡು ರೆಕ್ಕೆ ಇಳಿಬಿಟ್ಟು ನೀರಿನ ತಟ್ಟೆಯ ಪಕ್ಕದಲ್ಲೇ ನಿಂತಿವೆ. ಚಿಪ್ಪಿನ ಬಟ್ಟಲನ್ನು ಹೇಂಟೆಯ ಬೆನ್ನಿನ ಎತ್ತರಕ್ಕೆ ತಂತಿಯಲ್ಲಿ ತೂಗುಹಾಕಿದ್ದೇನೆ, ಮರಿಗಳ ಕೊಕ್ಕು ಅಲ್ಲಿಗೆ ಎಟುಕುವುದಿಲ್ಲ.

ವೈದ್ಯೆ: ಬಟ್ಟಲಿನ ಎತ್ತರ ಸರಿಯಾಗಿದೆ. ಮಂಕಾಗಿರುವ ಆ ಎರಡನ್ನು ಬುಟ್ಟಿಯಲ್ಲಿ ಬೆಚ್ಚಗೆ ಇಟ್ಟು, ಗಂಟೆಗೊಮ್ಮೆ ಕೊಕ್ಕನ್ನು ನೀರಿಗೆ ತಾಗಿಸಿ ಕುಡಿಸಿ. ಹಿಕ್ಕೆಯಲ್ಲಿ ಬಿಳಿ ಎಷ್ಟಿದೆ ಎಂಬುದು ಕಾಣುವಂತೆ ಸಂಜೆ ಚಿತ್ರ ಕಳುಹಿಸಿ, ನಾನು ಎಚ್ಚರವಾಗಿರುತ್ತೇನೆ.