ಕ್ಷಾರೀಯ ಸೊಪ್ಪು, ಮೂಲಿಕೆ ಚಹಾ: ದಿನದ ಆಹಾರದಲ್ಲಿ ಎಷ್ಟು, ಹೇಗೆ?

ಪ್ರಶ್ನೆ: ಹಸಿರುಕಡ್ಡಿ

ಹಾಲು-ಸಕ್ಕರೆ ಹಾಕಿದ ಚಹಾ ಕಡಿಮೆ ಮಾಡಿ ಮೂಲಿಕೆ ಚಹಾಕ್ಕೆ ಬದಲಾಗಬೇಕು ಅಂತಿದ್ದೇನೆ. ಪುದೀನ, ತುಳಸಿ, ಶುಂಠಿ, ಸೋಂಪು, ಕ್ಯಾಮೊಮೈಲ್, ಒಣಗಿದ ಕೆಂಪು ಪುಂಡಿ ಹೂವು ಇವೆ. ಇವು ಕ್ಷಾರೀಯ, ರಕ್ತದ ಆಮ್ಲತೆ ಇಳಿಸುತ್ತವೆ ಅಂತ ಎಲ್ಲೆಡೆ ಬರೆದಿರುತ್ತಾರೆ. ನಿಜವೇ? ದಿನಕ್ಕೆ ಎಷ್ಟು ಲೋಟ ಕುಡಿಯಬಹುದು? ನಿಂಬೆ ಅಷ್ಟು ಹುಳಿ ಇದ್ದೂ ಕ್ಷಾರೀಯ ಹೇಗಾಗುತ್ತದೆ? ಮೂತ್ರಕ್ಕೆ ಪಿಎಚ್ (ಆಮ್ಲ-ಕ್ಷಾರದ ಅಳತೆ) ಪಟ್ಟಿ ಅದ್ದಿ ನೋಡಿದರೆ ಪರಿಣಾಮ ಗೊತ್ತಾಗುತ್ತದೆಯೇ? ಇನ್ನೊಂದು, ಪುದೀನ ಚಹಾ ಒಮ್ಮೊಮ್ಮೆ ಕಹಿಯಾಗಿ, ಬೇಯಿಸಿದ ಹುಲ್ಲಿನ ವಾಸನೆ ಬರುತ್ತದೆ. ಯಾಕೆ?

ಉತ್ತರ 1: ಪೋಷಣೆ_ಲೆಕ್ಕ

ಮೊದಲು ರಕ್ತದ ವಿಷಯ. ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರುತ್ತದೆ. ಶ್ವಾಸಕೋಶ ಇಂಗಾಲದ ಡೈಆಕ್ಸೈಡನ್ನು ಹೊರಹಾಕಿ, ಮೂತ್ರಪಿಂಡ ಆಮ್ಲವನ್ನು ಮೂತ್ರಕ್ಕೆ ಬಿಟ್ಟು ಅದನ್ನು ಅಲ್ಲೇ ಹಿಡಿದಿಡುತ್ತವೆ. ಯಾವ ಸೊಪ್ಪೂ ಯಾವ ಚಹಾವೂ ಅದನ್ನು ಕದಲಿಸುವುದಿಲ್ಲ. ಅದು ಆ ಮಿತಿ ದಾಟಿದರೆ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ. ಆಹಾರದಿಂದ ಬದಲಾಗುವುದು ಮೂತ್ರಪಿಂಡದ ಮೇಲೆ ಬೀಳುವ ಆಮ್ಲದ ಹೊರೆ. ಕ್ಷಾರೀಯ ಆಹಾರ ಎಂಬ ಮಾತಿಗೆ ಅರ್ಥ ಇರುವುದು ಇಲ್ಲಿ ಮಾತ್ರ.

ಈ ಹೊರೆಯನ್ನು ಅಂದಾಜಿಸಲು 1995ರಲ್ಲಿ ರೆಮರ್ ಮತ್ತು ಮಾನ್ಜ್ ಎಂಬ ಸಂಶೋಧಕರು ಒಂದು ಸೂತ್ರ ಕೊಟ್ಟರು. ಪ್ರೋಟೀನ್ ಗ್ರಾಂ × 0.49, ರಂಜಕ ಮಿಗ್ರಾಂ × 0.037, ಎರಡನ್ನೂ ಕೂಡಿ. ಅದರಿಂದ ಪೊಟ್ಯಾಸಿಯಂ ಮಿಗ್ರಾಂ × 0.021, ಮೆಗ್ನೀಸಿಯಂ ಮಿಗ್ರಾಂ × 0.026, ಕ್ಯಾಲ್ಸಿಯಂ ಮಿಗ್ರಾಂ × 0.013 ಕಳೆಯಿರಿ. ಉತ್ತರ ಸೊನ್ನೆಗಿಂತ ಕೆಳಗಿದ್ದರೆ ಆ ಪದಾರ್ಥ ಕ್ಷಾರದ ಕಡೆ.

ಇದನ್ನು ನಿಮ್ಮ ಪಟ್ಟಿಗೇ ಹಾಕಿ ನೋಡಿ. 100 ಮಿಲಿ ಕ್ಯಾಮೊಮೈಲ್ ಚಹಾದಲ್ಲಿ ಪೊಟ್ಯಾಸಿಯಂ ಸುಮಾರು 9 ಮಿಗ್ರಾಂ, ಉಳಿದವು ಲೆಕ್ಕಕ್ಕೆ ಸಿಗದಷ್ಟು. ಅಂದರೆ 200 ಮಿಲಿ ಲೋಟಕ್ಕೆ −0.4. ಎರಡು ಮೊಟ್ಟೆ, ಅಂದರೆ 100 ಗ್ರಾಂ, +8ರ ಹತ್ತಿರ. ಅದನ್ನು ಚಹಾದಿಂದಲೇ ಸರಿದೂಗಿಸಲು 20 ಲೋಟ ಬೇಕು! ಅದೇ 100 ಗ್ರಾಂ ಹಸಿ ಕೊತ್ತಂಬರಿ ಸೊಪ್ಪು ಸುಮಾರು −10, ಪಾರ್ಸ್ಲಿ −11. 80 ಗ್ರಾಂ ಸೊಪ್ಪು ತಿಂದರೆ ಆ ಎರಡು ಮೊಟ್ಟೆಯ ಲೆಕ್ಕ ಚುಕ್ತಾ. ಖನಿಜ ಇರುವುದು ಎಲೆಯಲ್ಲಿ. ಎರಡು ಗ್ರಾಂ ಒಣ ಎಲೆಯನ್ನು ಐದು ನಿಮಿಷ ನೆನೆಸಿ ಎಸೆದರೆ ಲೋಟಕ್ಕೆ ಇಳಿಯುವುದು ಮುಖ್ಯವಾಗಿ ಪರಿಮಳ.

ಹಾಗಾಗಿ ಚಹಾ ಕುಡಿಯಿರಿ, ಆದರೆ ಕ್ಷಾರಕ್ಕಾಗಿ ಸೊಪ್ಪು ತಿನ್ನಿ. ಬೇಯಿಸಿದ ನೀರನ್ನು ಬಸಿದು ಚೆಲ್ಲಿದರೆ ಪೊಟ್ಯಾಸಿಯಂನ ದೊಡ್ಡ ಪಾಲು ಅದರ ಜೊತೆ ಹೋಗುತ್ತದೆ. ಸ್ವಲ್ಪವೇ ನೀರಲ್ಲಿ ಬೇಯಿಸಿ ಆ ನೀರನ್ನೂ ಬಳಸಿ, ಇಲ್ಲವೇ ಹಸಿಯಾಗಿ ಸಣ್ಣಗೆ ಹೆಚ್ಚಿ ಕೊನೆಯಲ್ಲಿ ಬೆರೆಸಿ. ಎಳೆ ದಂಟನ್ನೂ ಎಸೆಯಬೇಡಿ. ಸಕ್ಕರೆ ಪಾನೀಯದ ಜಾಗಕ್ಕೆ ಮೂಲಿಕೆ ಚಹಾ ಬಂದರೆ ಅದೇ ದೊಡ್ಡ ಲಾಭ, ಅದಕ್ಕೆ ಕ್ಷಾರದ ಹೆಸರು ಬೇಕಿಲ್ಲ.

ನಿಂಬೆ: ರಸದ ಪಿಎಚ್ 2ರ ಆಸುಪಾಸು, ಅಪ್ಪಟ ಆಮ್ಲ. ಆದರೆ ಅದರ ಸಿಟ್ರಿಕ್ ಆಮ್ಲ ದೇಹದಲ್ಲಿ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಉರಿದುಹೋಗುತ್ತದೆ, ಪೊಟ್ಯಾಸಿಯಂ ಜೊತೆಗಿದ್ದ ಸಿಟ್ರೇಟ್ ಬೈಕಾರ್ಬನೇಟ್ ಆಗಿ ಉಳಿಯುತ್ತದೆ. ನಾಲಿಗೆಗೆ ಹುಳಿ, ಮೂತ್ರಪಿಂಡಕ್ಕೆ ಕ್ಷಾರ. ಪ್ರಮಾಣ ಮಾತ್ರ ಸಣ್ಣದು: 100 ಮಿಲಿ ರಸಕ್ಕೆ ಸುಮಾರು −2.5, ಅರ್ಧ ನಿಂಬೆಹಣ್ಣಿಗೆ −0.5 ಇರಬಹುದು.

ಉತ್ತರ 2: ಮುಚ್ಚಿದ_ಪಾತ್ರೆ

ಕಹಿ, ಹುಲ್ಲಿನ ವಾಸನೆ ಎರಡಕ್ಕೂ ಕಾರಣ ಒಂದೇ: ಪುದೀನವನ್ನು ಒಲೆಯ ಮೇಲೆ ಕುದಿಸುತ್ತಿದ್ದೀರಿ, ಅದೂ ಮುಚ್ಚಳ ಇಲ್ಲದೆ. ಪರಿಮಳದ ಎಣ್ಣೆ ಆವಿಯ ಜೊತೆ ಹಾರಿಹೋಗುತ್ತದೆ, ಒಗರು ಮಾತ್ರ ನೀರಿಗೆ ಇಳಿಯುತ್ತದೆ.

ಎಲೆ, ಹೂವು (ಪುದೀನ, ತುಳಸಿ, ಕ್ಯಾಮೊಮೈಲ್): 200 ಮಿಲಿ ನೀರಿಗೆ ಒಣಗಿದ್ದು 2 ಗ್ರಾಂ, ಹಸಿಯಾದರೆ 6ರಿಂದ 8 ಗ್ರಾಂ. ಚಮಚದ ಅಳತೆ ನಂಬಬೇಡಿ. ಒಣ ಪುದೀನ ಹಗುರ, ಅದೇ ಚಮಚ ಪುಡಿಯಾದರೆ ತೂಕ ಎರಡು ಪಟ್ಟೂ ಆದೀತು. ನೀರು ಕುದಿ ಬಂದ ಮೇಲೆ ಒಲೆ ಆರಿಸಿ, ಎಲೆ ಹಾಕಿ, ತಕ್ಷಣ ಮುಚ್ಚಿ. ಪುದೀನ, ತುಳಸಿಗೆ 5ರಿಂದ 7 ನಿಮಿಷ. ಕ್ಯಾಮೊಮೈಲ್‌ಗೆ 5 ಸಾಕು, ಹತ್ತು ದಾಟಿದರೆ ಕಹಿ. ಮುಚ್ಚಳ ತೆಗೆಯುವಾಗ ಒಳಗೆ ಅಂಟಿದ ಹನಿಗಳನ್ನು ಪಾತ್ರೆಗೇ ತಟ್ಟಿ ಹಾಕಿ, ಪರಿಮಳದ ಎಣ್ಣೆ ಅದರಲ್ಲೇ ಇರುತ್ತದೆ. ಸೋಸುವಾಗ ಎಲೆಯನ್ನು ಹಿಂಡಬೇಡಿ.

ಬೀಜ (ಸೋಂಪು, ಜೀರಿಗೆ, ಕೊತ್ತಂಬರಿ): ಒಂದು ಚಮಚವನ್ನು ಆಗಲೇ ಒರಟಾಗಿ ಜಜ್ಜಿ, ಮುಚ್ಚಿ, ಸಣ್ಣ ಉರಿಯಲ್ಲಿ 5 ನಿಮಿಷ. ಇಡೀ ಬೀಜ ಹಾಕಿದರೆ ಎಷ್ಟು ಕುದಿಸಿದರೂ ಸಪ್ಪೆ, ಎಣ್ಣೆ ಸಿಪ್ಪೆಯೊಳಗೇ ಕೂತಿರುತ್ತದೆ.

ಬೇರು, ತೊಗಟೆ: ಇವಕ್ಕೆ ಕಷಾಯವೇ ಸರಿ. ತೆಳ್ಳಗೆ ಹೆಚ್ಚಿದ 10 ಗ್ರಾಂ ಶುಂಠಿಗೆ 300 ಮಿಲಿ ನೀರು, 10ರಿಂದ 12 ನಿಮಿಷ ಸಣ್ಣ ಉರಿ. ಹಾಲು ಬೇಕೆನ್ನುವವರು ಶುಂಠಿ ಚೆನ್ನಾಗಿ ಕುದಿದ ಮೇಲೆಯೇ ಹಾಕಲಿ. ಹಸಿ ಶುಂಠಿಯಲ್ಲಿ ಪ್ರೋಟೀನ್ ಒಡೆಯುವ ಕಿಣ್ವ ಇದೆ, ಕುದಿಯದಿದ್ದರೆ ಹಾಲು ಒಡೆಯುತ್ತದೆ.

ಎಲೆ ಮತ್ತು ಬೇರು ಸೇರಿಸುವುದಾದರೆ ಬೇರು ಮೊದಲು ಕುದಿಯಲಿ, ಒಲೆ ಆರಿಸಿದ ಮೇಲೆ ಎಲೆ. ಎಲ್ಲವನ್ನೂ ಒಟ್ಟಿಗೆ ಸುರಿದು ಕುದಿಸುವುದರಿಂದಲೇ ಬಹಳ ಜನರ ಚಹಾ ಕೆಡುವುದು.

ಉತ್ತರ 3: ಎಚ್ಚರಿಕೆ_ಬೇಕು

ನಿಮ್ಮ ಪಟ್ಟಿಯಲ್ಲಿ ಕೆಂಪು ಪುಂಡಿ ಇದೆ. ಅದು ಕ್ಷಾರೀಯ ಪಾನೀಯವಲ್ಲ, ಪಿಎಚ್ 3ರ ಆಸುಪಾಸು. ಹಲ್ಲಿನ ಎನಾಮೆಲ್ ಕರಗತೊಡಗುವುದು ಸುಮಾರು 5.5ಕ್ಕೆ. ಗಂಟೆಗಟ್ಟಲೆ ಗುಟುಕರಿಸುವುದು ಬೇಡ, ಒಂದೇ ಸಲ ಕುಡಿದು ನೀರಲ್ಲಿ ಬಾಯಿ ಮುಕ್ಕಳಿಸಿ. ಹಲ್ಲುಜ್ಜುವುದು ಅರ್ಧ ಗಂಟೆಯಾದ ಮೇಲೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾಡಬೇಡಿ. ರಕ್ತದೊತ್ತಡವನ್ನೂ ಸ್ವಲ್ಪ ಇಳಿಸುತ್ತದೆ, ಬಿಪಿ ಮಾತ್ರೆ ತಗೊಳ್ಳುವವರು ವೈದ್ಯರಿಗೆ ಹೇಳಿರಲಿ.

ಎದೆಯುರಿ ಇರುವವರಿಗೆ ಪುದೀನ ತಕ್ಕದ್ದಲ್ಲ. ಅನ್ನನಾಳದ ಕೆಳಗಿನ ಬಿಗಿತವನ್ನು ಅದು ಸಡಿಲಿಸುತ್ತದೆ, ಆಮ್ಲ ಮೇಲೆ ಬರುತ್ತದೆ. "ಆಮ್ಲ ತಗ್ಗಿಸಲು ಪುದೀನ" ಎಂಬ ಸಲಹೆ ಇವರಿಗೆ ತಿರುಗುಬಾಣ. ಸೇವಂತಿಗೆ ಜಾತಿಯ ಹೂವಿನ ಅಲರ್ಜಿ ಇದ್ದರೆ ಕ್ಯಾಮೊಮೈಲ್ ಬೇಡ.

ಅತಿಮಧುರ ಸಿಹಿಯಾಗಿದೆ ಅಂತ ದಿನವೂ ಸೇರಿಸುವವರಿದ್ದಾರೆ. ಅದರ ಗ್ಲಿಸಿರೈಜಿನ್ ದೇಹದಲ್ಲಿ ಸೋಡಿಯಂ ಹಿಡಿದಿಟ್ಟು ಪೊಟ್ಯಾಸಿಯಂ ಹೊರಗೆ ಕಳಿಸುತ್ತದೆ, ಬಿಪಿ ಏರುತ್ತದೆ. ಹೊಟ್ಟೆ ಶುದ್ಧಿಯ ಚಹಾ ಎಂದು ಬರುವ ಮಿಶ್ರಣಗಳಲ್ಲಿ ಸೋನಾಮುಖಿ ಇದೆಯೇ ಓದಿ ನೋಡಿ. ಅದು ಭೇದಿ ಔಷಧ, ದಿನನಿತ್ಯದ ಪಾನೀಯವಲ್ಲ. ಕಾಂಫ್ರಿ ಎಲೆ ಯಕೃತ್ತಿಗೆ ವಿಷ, ಕುಡಿಯಲೇಬಾರದು.

ಮೂತ್ರಪಿಂಡದ ಕಾಯಿಲೆ ಇರುವವರು, ಪೊಟ್ಯಾಸಿಯಂ ಉಳಿಸುವ ಮಾತ್ರೆ ತಗೊಳ್ಳುವವರು ಮೇಲಿನ 80 ಗ್ರಾಂ ಸೊಪ್ಪಿನ ಲೆಕ್ಕವನ್ನು ತಾವಾಗಿ ಅನುಸರಿಸಬೇಡಿ. ಆರೋಗ್ಯವಂತರಿಗೆ ಒಳ್ಳೆಯದಾದ ಪೊಟ್ಯಾಸಿಯಂ ಇವರಿಗೆ ಹೃದಯದ ಬಡಿತವನ್ನೇ ಕೆಡಿಸಬಹುದು. ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧ) ತಗೊಳ್ಳುವವರು ಸೊಪ್ಪಿನ ಪ್ರಮಾಣವನ್ನು ದಿಢೀರನೆ ಏರಿಸಬಾರದು, ಇಳಿಸಲೂಬಾರದು. ವಿಟಮಿನ್ ಕೆ ಏರುಪೇರಾಗಿ ಔಷಧದ ಹಿಡಿತ ತಪ್ಪುತ್ತದೆ.

ಎಷ್ಟು ಲೋಟ ಎಂದರೆ, ಆರೋಗ್ಯವಂತರಿಗೆ ದಿನಕ್ಕೆ ಎರಡು ಮೂರು ಸಾಕು, ಬೇರೆ ಬೇರೆ ಮೂಲಿಕೆಯಾದರೆ ಇನ್ನೂ ಒಳ್ಳೆಯದು. ಊಟದ ಜೊತೆಗೆ ಬೇಡ, ಒಂದು ಗಂಟೆ ಅಂತರ ಇರಲಿ. ಮಾಮೂಲಿ ಚಹಾದಂತೆ ಪುದೀನ, ಕ್ಯಾಮೊಮೈಲ್‌ಗಳ ಪಾಲಿಫಿನಾಲ್‌ಗಳೂ ಆಹಾರದ ಕಬ್ಬಿಣವನ್ನು ತಡೆಯುತ್ತವೆ. ರಕ್ತಹೀನತೆ ಇರುವವರಿಗೆ ಇದು ಬಹಳ ಮುಖ್ಯ.

ಹಸಿರುಕಡ್ಡಿ

ತುಂಬಾ ಧನ್ಯವಾದ. ಪಿಎಚ್ ಪಟ್ಟಿಯ ಬಗ್ಗೆ ಯಾರೂ ಹೇಳಲಿಲ್ಲ. ಪುದೀನವನ್ನು ಒಣಗಿಸಿ ಇಡುವುದು ಹೇಗೆ? ಡಬ್ಬಿಯಲ್ಲಿ ಬೂಸಲು ಬರುತ್ತದೆ.

ಉತ್ತರ 4: ಪೋಷಣೆ_ಲೆಕ್ಕ

ಮೂತ್ರದ ಪಿಎಚ್ 4.5ರಿಂದ 8ರವರೆಗೆ ದಿನವಿಡೀ ಓಲಾಡುತ್ತದೆ. ಬೆಳಿಗ್ಗೆ ಸಾಮಾನ್ಯವಾಗಿ ಆಮ್ಲೀಯ, ಊಟದ ನಂತರ ಏರುತ್ತದೆ. ಸೊಪ್ಪು ತಿಂದ ಮೇಲೆ ಪಟ್ಟಿಯ ಬಣ್ಣ ಬದಲಾದರೆ ಮೂತ್ರಪಿಂಡ ತನ್ನ ಕೆಲಸ ಮಾಡಿದೆ ಎಂದರ್ಥ, ರಕ್ತ ಬದಲಾಗಿದೆ ಎಂದಲ್ಲ. ಏರಿದಷ್ಟೂ ಒಳ್ಳೆಯದು ಎಂದೂ ಅಲ್ಲ: ಯೂರಿಕ್ ಆಮ್ಲದ ಕಲ್ಲು ಆಮ್ಲೀಯ ಮೂತ್ರದಲ್ಲಿ ಕಟ್ಟಿದರೆ, ಕ್ಯಾಲ್ಸಿಯಂ ಫಾಸ್ಫೇಟ್ ಕಲ್ಲು ಕ್ಷಾರೀಯ ಮೂತ್ರದಲ್ಲಿ ಕಟ್ಟುತ್ತದೆ. ಪಟ್ಟಿಯ ಬಣ್ಣ ಏರಿಸಲೆಂದು ಅಡುಗೆ ಸೋಡಾ ಕುಡಿಯುವ ಅಭ್ಯಾಸವಂತೂ ಬೇಡವೇ ಬೇಡ. ಒಂದು ಚಮಚದಲ್ಲಿ 1,200 ಮಿಗ್ರಾಂಗೂ ಹೆಚ್ಚು ಸೋಡಿಯಂ ಇರುತ್ತದೆ.

ಉತ್ತರ 5: ಮುಚ್ಚಿದ_ಪಾತ್ರೆ

ಬೂಸಲು ಬಂದರೆ ದಂಟು ಒಣಗಿಲ್ಲ ಎಂದರ್ಥ. ಎಲೆ ಬೇಗ ಗರಿಗರಿಯಾಗುತ್ತದೆ, ದಂಟಿನ ತೇವ ಡಬ್ಬಿಯೊಳಗೆ ಮತ್ತೆ ಎಲೆಗೆ ಏರುತ್ತದೆ. ಎಲೆ ಬಿಡಿಸಿ, ತೊಳೆದ ನೀರು ಬಟ್ಟೆಯಲ್ಲಿ ಒತ್ತಿ ತೆಗೆದು, ನೆರಳಲ್ಲಿ ಗಾಳಿಯಾಡುವ ಕಡೆ ಒಂದೇ ಪದರವಾಗಿ ಹರಡಿ. ಯಂತ್ರದಲ್ಲಾದರೆ 35ರಿಂದ 40 ಡಿಗ್ರಿ, ಅದಕ್ಕಿಂತ ಬಿಸಿಯಾದರೆ ಎಣ್ಣೆ ಹೋಗುತ್ತದೆ. ಬೆರಳಲ್ಲಿ ಉಜ್ಜಿದಾಗ ಪುಡಿಯಾಗಬೇಕು, ಬಾಗಿದರೆ ಇನ್ನೂ ಒಣಗಬೇಕು. ಗಾಜಿನ ಡಬ್ಬಿಗೆ ಇಡೀ ಎಲೆಯಾಗಿಯೇ ತುಂಬಿ, ಮೊದಲ ವಾರ ದಿನಾ ಡಬ್ಬಿಯ ಒಳಗೋಡೆ ನೋಡಿ. ಮಂಜು ಕಂಡರೆ ತಕ್ಷಣ ಹೊರಗೆ ಸುರಿದು ಮತ್ತೆ ಒಣಗಿಸಿ. ಈಗಾಗಲೇ ಬೂಸಲು ಬಂದದ್ದನ್ನು ಆರಿಸಿ ಉಳಿಸಿಕೊಳ್ಳಬೇಡಿ, ಇಡೀ ಡಬ್ಬಿ ಎಸೆಯಿರಿ.